ಹಾಜರಿ ತಪ್ಪಿದ ಮಕ್ಕಳು, ಹದಿನೆಂಟು ತುಂಬಿದ ಯುವಕರು

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಸುತ್ತಲಿನ ನೀರೆಲ್ಲ ಹರಿದು ಬಂದು ಅಲ್ಲಿ ನಿಲ್ಲುತ್ತಿತ್ತು. ಈಗ ಅದೇ ಅಂಗಳಕ್ಕೆ ಜನ ಬಂದಿಳಿಯುತ್ತಾರೆ. ಎದುರಿಗೇ ರೈಲು ನಿಲ್ದಾಣ. ರಾಯಚೂರು, ಕಲಬುರಗಿ ಕಡೆಯ ರೈಲುಗಳು ನಸುಕಿನಲ್ಲಿ ಬಂದು ನಿಂತಾಗ ಗುಳೆ ಬಂದ ಕುಟುಂಬಗಳ ನಡುವೆ ಒಂಟಿಯಾಗಿ ಇಳಿಯುವ ಹುಡುಗ ಅಥವಾ ಹುಡುಗಿಯನ್ನು ಗುರುತಿಸುವುದು ಸುಲಭವಲ್ಲ. ಅನುಭವ ಇರುವ ಕಾರ್ಯಕರ್ತರು ಗುರುತಿಸುತ್ತಾರೆ. ಕೈಯಲ್ಲಿ ಚೀಲವಿಲ್ಲ, ಹೊರಗೆ ಹೋಗುವ ಆತುರವಿಲ್ಲ, ಕಣ್ಣು ಮಾತ್ರ ಎಲ್ಲ ಕಡೆ ಓಡಾಡುತ್ತಿರುತ್ತದೆ. ಮೊದಲ ಕೆಲವು ತಾಸುಗಳಲ್ಲಿ ಆ ಮಗುವಿನ ಹತ್ತಿರ ಯಾರು ಹೋಗಿ ಕೂರುತ್ತಾರೆ ಎಂಬುದರ ಮೇಲೆ ಅದರ ಮುಂದಿನ ದಾರಿ ಬಹುಪಾಲು ನಿಂತಿದೆ.

ಆದರೆ ಆ ಮಗು ಕಾಣೆಯಾದದ್ದು ಅಂದು ನಸುಕಿನಲ್ಲಲ್ಲ. ಊರಿನ ಶಾಲೆಯ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ವಾರಗಳ ಹಿಂದೆಯೇ, ಕೆಲವೊಮ್ಮೆ ತಿಂಗಳುಗಳ ಹಿಂದೆಯೇ ಆ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬಿದ್ದಿರುತ್ತದೆ. ಮನೆ ತಪ್ಪುವುದಕ್ಕೆ ಮುಂಚೆ ಶಾಲೆ ತಪ್ಪುತ್ತದೆ. ನೂರು ವರ್ಷಗಳಿಂದ ಕಾನೂನು, ಸರ್ಕಾರ, ಸ್ವಯಂಸೇವಾ ಸಂಸ್ಥೆಗಳು ಈ ಮಕ್ಕಳಿಗಾಗಿ ಮಾಡಿದ ಕೆಲಸವನ್ನು ಹಿಂತಿರುಗಿ ನೋಡಿದಾಗ ನನ್ನನ್ನು ಕಾಡುವುದು ಇದೇ: ಮೊದಲು ತಿಳಿಯುವ ಶಾಲೆಗೂ ಕೊನೆಗೆ ಸಿಗುವ ಸಂಸ್ಥೆಗೂ ನಡುವೆ ಮಾತುಕತೆ ಇರಲೇ ಇಲ್ಲ.

ಊಟ ಮತ್ತು ಸೂರು ಇಲ್ಲದೆ ಓದು ಸಾಗದು ಎಂಬ ಅರಿವು ನಮ್ಮ ನಾಡಿಗೆ ಹೊಸದಲ್ಲ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಕಥೆಗಳನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಆ ವ್ಯವಸ್ಥೆ ಜಾತಿಯ ಗೆರೆಯೊಳಗೇ ಉಳಿಯಿತು. ಗೆರೆಯ ಹೊರಗೆ ನಿಲ್ಲಿಸಲ್ಪಟ್ಟ ಮಕ್ಕಳಿಗಾಗಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಸಂಸ್ಥೆ ಕಟ್ಟಿ ಶಾಲೆ, ವಸತಿ ಎರಡನ್ನೂ ನಡೆಸಿದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರು ದಲಿತ ವಿದ್ಯಾರ್ಥಿಗಳ ವಸತಿಗಾಗಿ ದುಡಿದರು. ಮಠಗಳ ಉಚಿತ ಪ್ರಸಾದ ನಿಲಯಗಳು ಹಳ್ಳಿಯ ಬಡ ಮಕ್ಕಳನ್ನು ತಲೆಮಾರುಗಟ್ಟಲೆ ಓದಿಸಿದವು. ಸಿದ್ಧಗಂಗೆಯಲ್ಲಿ ಒಂದೇ ಆವರಣದಲ್ಲಿ ಸಾವಿರಾರು ಮಕ್ಕಳು ಉಂಡು ಓದುವುದನ್ನು ಕಂಡವರಿಗೆ ಇದರ ಬಲ ಗೊತ್ತು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳಿಗೆ ಕೊಟ್ಟ ಒತ್ತು ಅದರ ಮುಂದುವರಿಕೆ. ನಮ್ಮಲ್ಲಿ ಎಷ್ಟೋ ಮನೆಗಳ ಮೊದಲ ಪದವೀಧರ ಹಾಸ್ಟೆಲ್ಲಿನ ಅನ್ನ ಉಂಡವನೇ.

ಆದರೂ ಈ ಎಲ್ಲ ಬಾಗಿಲುಗಳು ಒಂದು ವಿಷಯವನ್ನು ಊಹಿಸಿಕೊಂಡಿದ್ದವು: ಮಗುವಿನ ಕೈ ಹಿಡಿದು ತಂದು ಬಿಡಲು ಒಬ್ಬ ಹಿರಿಯರಿದ್ದಾರೆ ಎಂದು. ಅಪ್ಪನೋ, ಸೋದರಮಾವನೋ, ಊರಿನ ಮೇಷ್ಟರೋ ಅರ್ಜಿ ಬರೆದು ಕೊಡುತ್ತಾರೆ ಎಂದು. ಒಂಟಿಯಾಗಿ ಬಂದ ಮಗುವಿಗೆ ಅಲ್ಲಿ ಜಾಗವಿರಲಿಲ್ಲ. ಆ ಮಗು ಸಿಗುತ್ತಿದ್ದದ್ದು ಪೊಲೀಸರಿಗೆ.

ಪೊಲೀಸರ ಕೈಗೆ ಸಿಕ್ಕ ಮಗುವನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರಗಳಲ್ಲೇ ಇಡೀ ಇತಿಹಾಸವಿದೆ. 1850ರ ವಸಾಹತು ಕಾಯ್ದೆ ಅನಾಥ ಮತ್ತು ಬಡ ಮಕ್ಕಳನ್ನು ಕಸುಬು ಕಲಿಯಲು ಒಪ್ಪಂದದ ಮೇಲೆ ಒಪ್ಪಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತ್ತು. ಅಂದರೆ ಮಗು ಎಂದರೆ ದುಡಿಯುವ ಕೈ. 1920ರಲ್ಲಿ ಮದ್ರಾಸ್, 1924ರಲ್ಲಿ ಬಾಂಬೆ ಪ್ರಾಂತ್ಯಗಳು ಮಕ್ಕಳ ಕಾಯ್ದೆ ತಂದವು. ಹೀಗಾಗಿ ಮಂಗಳೂರಿನ ಮಗುವಿಗೆ ಮದ್ರಾಸಿನ ಕಾನೂನು, ಧಾರವಾಡದ ಮಗುವಿಗೆ ಬಾಂಬೆಯ ಕಾನೂನು. ಏಕೀಕರಣದ ನಂತರ 1964ರ ಮಕ್ಕಳ ಕಾಯ್ದೆಯೊಂದಿಗೆ ರಾಜ್ಯಕ್ಕೆ ತನ್ನದೇ ಚೌಕಟ್ಟು ಸಿಕ್ಕಿತು. ಕಾಗದದಲ್ಲಿ ರಕ್ಷಣೆಯ ಮಾತಿದ್ದರೂ ದೇಶದ ಜೈಲುಗಳಲ್ಲಿ ಮಕ್ಕಳು ಇದ್ದೇ ಇದ್ದರು. ಪತ್ರಕರ್ತೆ ಶೀಲಾ ಬರ್ಸೆ ಅವರು ಈ ಮಕ್ಕಳಿಗಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮಕ್ಕಳನ್ನು ಜೈಲಿನಲ್ಲಿ ಇಡಬಾರದು, ದೇಶಕ್ಕೆಲ್ಲ ಒಂದೇ ಕಾನೂನು ಬೇಕು ಎಂದು ನ್ಯಾಯಾಲಯ 1986ರಲ್ಲಿ ಹೇಳಿತು. ಅದೇ ವರ್ಷ ಬಾಲ ನ್ಯಾಯ ಕಾಯ್ದೆ ಬಂತು. ಅದರಲ್ಲಿ ಮನೆಯಿಲ್ಲದ ಮಗುವಿನ ಹೆಸರು ‘ನಿರ್ಲಕ್ಷಿತ ಬಾಲಾಪ್ರಾಪ್ತ’. ಹುಡುಗರಿಗೆ 16, ಹುಡುಗಿಯರಿಗೆ 18 ವಯಸ್ಸಿನ ಮಿತಿ. ಹದಿನೇಳರ ಹುಡುಗ ಬೀದಿಯಲ್ಲಿ ಮಲಗಿದ್ದರೆ ಆ ಕಾನೂನಿನ ಕಣ್ಣಿಗೆ ಅವನು ಮಗುವೇ ಅಲ್ಲ. 1992ರಲ್ಲಿ ಭಾರತವು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡ ಮೇಲೆ, 2000ದ ಕಾಯ್ದೆ ಇಬ್ಬರಿಗೂ 18 ಎಂದು ಮಾಡಿ, ಹೆಸರನ್ನೂ ಬದಲಿಸಿತು: ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು’. ಉದ್ದದ ಹೆಸರು, ಆದರೆ ಅದರಲ್ಲಿ ಮಗುವಿನ ಮೇಲೆ ತಪ್ಪು ಹೊರಿಸುವ ಒಂದು ಅಕ್ಷರವೂ ಇಲ್ಲ. ಪೊಲೀಸ್ ಠಾಣೆಯ ಬದಲು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಹಾಜರುಪಡಿಸುವ ಪದ್ಧತಿ ಗಟ್ಟಿಯಾದದ್ದು ಇಲ್ಲಿಂದ. ಈಗ ಜಾರಿಯಲ್ಲಿರುವ 2015ರ ಕಾಯ್ದೆಯೂ ಅದೇ ಹೆಸರನ್ನು ಉಳಿಸಿಕೊಂಡಿದೆ.

ಕಾನೂನು ಹೆಸರು ಬದಲಿಸುವ ಮೊದಲೇ ಬೀದಿಯಲ್ಲಿ ಕೆಲಸ ಶುರುವಾಗಿತ್ತು. 1980ರ ಹೊತ್ತಿಗೆ ಬೆಂಗಳೂರಿನಲ್ಲಿ ಸಲೇಷಿಯನ್ ಎಂಬ ಕ್ರೈಸ್ತ ಸಂಘದ ಪಾದ್ರಿಗಳಾಗಲು ಓದುತ್ತಿದ್ದ ಕೆಲವು ವಿದ್ಯಾರ್ಥಿಗಳು ಬೀದಿಯ ಮಕ್ಕಳ ಜೊತೆ ಹೋಗಿ ಕೂರತೊಡಗಿದರು. ಬಾಸ್ಕೋ ಎಂದು ಎಲ್ಲರಿಗೂ ಗೊತ್ತಿರುವ ಆ ಸಂಸ್ಥೆಯ ಪೂರ್ಣ ಹೆಸರು ‘ಬೆಂಗಳೂರು ಓಣಿಯವರ ಸೇವಾ ಕೂಟ’ ಎಂಬುದು ಹಲವರಿಗೆ ಗೊತ್ತಿಲ್ಲ. ಓಣಿಯವರು! ಅನಾಥರು, ಪೋಲಿಗಳು, ಭಿಕ್ಷುಕರು ಎಂದೆಲ್ಲ ಊರು ಕರೆಯುತ್ತಿದ್ದವರಿಗೆ ಇಷ್ಟು ಸಹಜವಾದ ಹೆಸರು ಕೊಟ್ಟದ್ದರಲ್ಲಿಯೇ ಆ ಕೆಲಸದ ಗುಣ ಕಾಣುತ್ತದೆ. ಅದೇ ದಶಕದಲ್ಲಿ ಬಡ ಮಕ್ಕಳಿಗಾಗಿ ಕೆಲಸ ಮಾಡುವ ‘ಅಪ್ಸಾ’ ಸಂಸ್ಥೆ ಬಂತು. ಆಮೇಲೆ ದುಡಿಯುವ ಮಕ್ಕಳೇ ಸೇರಿ ಕಟ್ಟಿಕೊಂಡ ‘ಭೀಮ ಸಂಘ’ ಬಂತು. ಅದರ ಬೆನ್ನಿಗೆ ಕುಂದಾಪುರ ಸೀಮೆಯಲ್ಲಿ ಮಕ್ಕಳ ಪಂಚಾಯಿತಿಯ ಪ್ರಯೋಗ ನಡೆಯಿತು. ಗುಳೆ, ಶಾಲೆ, ಕುಡಿತ ಎಲ್ಲವನ್ನೂ ಮಕ್ಕಳೇ ಎದ್ದು ನಿಂತು ಹೇಳಬಹುದು ಎಂಬುದನ್ನು ಅದು ತೋರಿಸಿತು. 2006ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಇಂಥ ಸಂಸ್ಥೆಗಳು ಬೀದಿಯಲ್ಲಿ ಕಲಿತ ಪಾಠ ಸರಳ. ಮಗುವನ್ನು ಹಿಡಿದು ತಂದು ಕೂಡಿಹಾಕಿದರೆ ಅದು ಗೋಡೆ ಹಾರುತ್ತದೆ. ಸ್ನಾನಕ್ಕೆ ನೀರು, ಗಾಯಕ್ಕೆ ಮುಲಾಮು, ದುಡಿದ ನಾಲ್ಕು ಕಾಸು ಇಡಲು ಒಂದು ಪೆಟ್ಟಿಗೆ, ರಾತ್ರಿ ಹೆದರಿಕೆಯಿಲ್ಲದೆ ಮಲಗಲು ಜಾಗ ಕೊಟ್ಟರೆ, ಮಾತು ತಾನಾಗಿ ಬರುತ್ತದೆ. 2009ರಲ್ಲಿ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ‘ತೆರೆದ ತಂಗುದಾಣ’ಕ್ಕೆ ಹಣ ಒದಗಿಸಿದಾಗ, ಅದು ಬೀದಿಯಲ್ಲಿ ಹುಟ್ಟಿದ ಈ ಕಲ್ಪನೆಗೆ ಸಿಕ್ಕ ಸರ್ಕಾರಿ ಮೊಹರು. 1996ರಲ್ಲಿ ಮುಂಬೈಯಲ್ಲಿ ಆರಂಭವಾದ ಮಕ್ಕಳ 1098 ಸಹಾಯವಾಣಿಯೂ ಹೀಗೆಯೇ ಹುಟ್ಟಿ ದೇಶವೆಲ್ಲ ಹಬ್ಬಿತು. 2023ರಿಂದ ಅದು ರಾಜ್ಯ ಸರ್ಕಾರಗಳ ಕೈಗೆ ಹೋಗಿ, ಪೊಲೀಸರನ್ನು ಕರೆಯುವ ತುರ್ತು ಸಂಖ್ಯೆ 112ರ ಜೊತೆ ಜೋಡಣೆಯಾಗಿದೆ. ವ್ಯವಸ್ಥೆ ದೊಡ್ಡದಾದದ್ದು ಒಳ್ಳೆಯದೇ. ಆದರೆ ಮನೆ ಬಿಟ್ಟು ಬಂದ ಮಗು ಪೊಲೀಸರಿಗೆ ಹೆದರುತ್ತದೆ. ಕರೆಯ ಆ ತುದಿಯಲ್ಲಿ ಅಕ್ಕನಂತೆಯೋ ಅಣ್ಣನಂತೆಯೋ ಮಾತನಾಡುವ ದನಿ ಇರಲೇಬೇಕು.

ಶಾಲೆಗಳ ಕಥೆ ಬೇರೆ ದಾರಿಯಲ್ಲಿ ಸಾಗಿತು. ‘ಕೂಲಿಯಿಂದ ಶಾಲೆಗೆ’, ‘ಬಾ ಮರಳಿ ಶಾಲೆಗೆ’ ಎಂಬ ಗೋಡೆ ಬರಹಗಳನ್ನು ಓದುತ್ತ ಬೆಳೆದವರು ನಮ್ಮಲ್ಲಿ ಬಹಳ ಜನ. ಶಾಲೆ ಬಿಟ್ಟವರನ್ನು ಸೇತುಬಂಧದ ಮೂಲಕ ತರಗತಿಗೆ ತರುವ ‘ಚಿಣ್ಣರ ಅಂಗಳ’, ಗುಳೆ ಬಂದ ಕಾರ್ಮಿಕರ ಮಕ್ಕಳಿಗೆ ಟೆಂಟ್ ಶಾಲೆ, 2002ರಿಂದ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದೆಡೆಗೂ ಹರಡಿದ ಬಿಸಿಯೂಟ, ಎಲ್ಲವೂ ಬಂದವು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಾಗ ಮನೆಯಿಲ್ಲದ ಮಕ್ಕಳಿಗೆ ಅತ್ಯಂತ ಬೇಕಾಗಿದ್ದ ಮಾತುಗಳು ಅದರಲ್ಲಿದ್ದವು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಟಿ.ಸಿ. ಬರುವುದು ತಡವಾಯಿತೆಂದು ನಿರಾಕರಿಸುವಂತಿಲ್ಲ. ಹತ್ತು ವರ್ಷದ ಮಗು ಎಂದೂ ಶಾಲೆಗೆ ಹೋಗದಿದ್ದರೂ ಅದನ್ನು ಒಂದನೇ ತರಗತಿಯಲ್ಲಿ ಕೂರಿಸಿ ನಾಚಿಸಬಾರದು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಇಷ್ಟು ವರ್ಷಗಳ ನಂತರವೂ ‘ಟಿ.ಸಿ. ತನ್ನಿ’ ಎಂದು ವಾಪಸು ಕಳುಹಿಸುವ ಶಾಲೆ ಕಾನೂನನ್ನು ಮುರಿಯುತ್ತಿದೆ ಎಂದು ನೇರವಾಗಿ ಹೇಳಬೇಕು.

ಈ ಕಥೆಯಲ್ಲಿ 2013 ಮುಖ್ಯವಾದ ವರ್ಷ. ರಾಜ್ಯದಲ್ಲಿ ಹತ್ತಾರು ಸಾವಿರ ಮಕ್ಕಳು ಶಾಲೆಯ ಹೊರಗಿದ್ದಾರೆ ಎಂಬ ಪತ್ರಿಕಾ ವರದಿಯನ್ನು ಆಧರಿಸಿ, ಮುಖ್ಯ ನ್ಯಾಯಮೂರ್ತಿ ಡಿ.ಎಚ್. ವಘೇಲಾ ಅವರಿದ್ದ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅಲ್ಲಿ ಹೊರಬಿದ್ದ ಸಂಗತಿ ಬೆಚ್ಚಿಬೀಳಿಸುವಂಥದ್ದು: ಒಂದು ಮಗು 60 ದಿನ ಬಾರದಿದ್ದರೆ ಮಾತ್ರ ‘ಶಾಲೆಯಿಂದ ಹೊರಗುಳಿದ ಮಗು’ ಎಂದು ಲೆಕ್ಕ. 60 ದಿನಗಳಲ್ಲಿ ಒಂದು ಮಗು ಕಾಫಿ ತೋಟಕ್ಕೋ, ಹೋಟೆಲ್ಲಿನ ಅಡುಗೆಮನೆಗೋ, ಮದುವೆಯ ಮಂಟಪಕ್ಕೋ ಸೇರಿಬಿಟ್ಟಿರುತ್ತದೆ. ಆ ಬಳಿಕ ರಾಜ್ಯ ಈ ಮಿತಿಯನ್ನು ಏಳು ದಿನಕ್ಕೆ ಇಳಿಸಿತು. ಕಡತದಲ್ಲಿ ಒಂದು ಅಂಕಿ ಬದಲಾಯಿತು, ಅಷ್ಟೇ. ಆದರೆ ಮನೆಯಿಲ್ಲದ ಮಕ್ಕಳ ವಿಷಯದಲ್ಲಿ ನಮ್ಮ ರಾಜ್ಯ ಮಾಡಿದ ಅತಿ ಮುಖ್ಯ ತಿದ್ದುಪಡಿ ಇದೇ ಎಂದು ನಾನು ನಂಬುತ್ತೇನೆ.

ಏಳನೆಯ ದಿನ ಶಾಲೆ ಏನು ಮಾಡಬಹುದು? ಮೊಬೈಲ್ ಕರೆ ಸಾಲದು. ಕುಡಿದ ಅಪ್ಪ ಫೋನ್ ಎತ್ತಿ ‘ಜ್ವರ’ ಎಂದರೆ ಮುಗಿಯಿತು. ಶಿಕ್ಷಕರು ಮನೆಗೆ ಹೋಗಬೇಕು. ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ಆಶಾ ಕಾರ್ಯಕರ್ತೆ, ಅಂಗನವಾಡಿಯ ಅಕ್ಕ ಜೊತೆಗಿದ್ದರೆ ಬಾಗಿಲು ಬೇಗ ತೆರೆಯುತ್ತದೆ. ತಾಯಿ ವಿಧವೆಯಾಗಿದ್ದು ಬಡತನವೇ ಕಾರಣವೆಂದು ತಿಳಿದರೆ ಮಗುವನ್ನು ಬಾಲಮಂದಿರಕ್ಕೆ ಕಳುಹಿಸುವ ಅಗತ್ಯವೇ ಇಲ್ಲ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿನೊಂದಿಗೆ ಮಗು ಮನೆಯಲ್ಲೇ ಉಳಿದು ಓದಬಹುದು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಈ ವಿಳಾಸ ಪ್ರತಿ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇರಬೇಕು. ಮನೆಯಲ್ಲಿ ಹಿಂಸೆ ಇದ್ದರೆ ವಿಷಯ ಬೇರೆ. ಆಗ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲೇಬೇಕು. ಲೈಂಗಿಕ ದೌರ್ಜನ್ಯವೆಂದು ಗೊತ್ತಾದ ಮೇಲೂ ಸುಮ್ಮನಿರುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಪರಾಧ. ಸಂಸ್ಥೆಗಳಿಗೂ ಒಂದು ಮಾತು: ಒಳ್ಳೆಯ ಮನಸ್ಸಿನಿಂದಲೇ ಆದರೂ ಒಂಟಿ ಮಗುವನ್ನು ಯಾರಿಗೂ ತಿಳಿಸದೆ ಇರಿಸಿಕೊಳ್ಳುವಂತಿಲ್ಲ. 24 ಗಂಟೆಯೊಳಗೆ 1098ಕ್ಕೋ, ಪೊಲೀಸರಿಗೋ, ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು. ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆ ನೋಂದಣಿ ಹೊಂದಿರಬೇಕು.

ಇಷ್ಟಾದರೂ ಒಂದು ದೊಡ್ಡ ಬಿರುಕು ಹಾಗೆಯೇ ಉಳಿದಿದೆ. ಶಿಕ್ಷಣದ ಹಕ್ಕು 6ರಿಂದ 14 ವರ್ಷಕ್ಕೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ 14 ದಾಟಿದವರು ಅಪಾಯಕಾರಿಯಲ್ಲದ ಕೆಲಸ ಮಾಡಬಹುದು. ಶಾಲೆಯ ಹಕ್ಕು ಮುಗಿಯುವ ವಯಸ್ಸಿಗೇ ಕೂಲಿಯ ಬಾಗಿಲು ತೆರೆದುಕೊಳ್ಳುತ್ತದೆ, ಎಸ್ಸೆಸ್ಸೆಲ್ಸಿ ಇನ್ನೂ ಎದುರಿಗಿರುವಾಗಲೇ. ಒಂಬತ್ತನೇ ತರಗತಿಯ ಹುಡುಗ ಬಾರದಿದ್ದರೆ ಕಾನೂನಿನ ಬಲ ಶಾಲೆಗಿಲ್ಲ, ಶಿಕ್ಷಕರ ಕಾಳಜಿ ಒಂದೇ ಇದೆ. ಅದಕ್ಕೇ ಸಂಜೆಯ ಪಾಠ, ಮುಕ್ತ ಶಾಲೆಯ ಪರೀಕ್ಷೆಗೆ ತಯಾರಿ, ಐಟಿಐ ಪ್ರವೇಶ ಇವುಗಳಲ್ಲಿ ಸಂಸ್ಥೆಗಳ ಕೆಲಸ ಅತಿ ಹೆಚ್ಚು ಬೇಕಾಗಿರುವುದು ಈ ವಯಸ್ಸಿನವರಿಗೆ.

ಇನ್ನು ಬಾಲಮಂದಿರದಲ್ಲಿ ಬೆಳೆದವರ ಹುಟ್ಟುಹಬ್ಬದ ವಿಷಯ. ಬೇರೆ ಮನೆಗಳಲ್ಲಿ ಹದಿನೆಂಟು ತುಂಬಿದರೆ ಪಾಯಸ. ಇಲ್ಲಿ ಅಂದು ಟ್ರಂಕು ಕಟ್ಟಬೇಕು. ಕಾನೂನು ಅವರನ್ನು ಪೂರ್ತಿ ಕೈಬಿಟ್ಟಿಲ್ಲ: 2015ರ ಕಾಯ್ದೆ ಮತ್ತು ಅದರ ನಿಯಮಗಳಲ್ಲಿ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಅನುಪಾಲನೆಗೆ, ಅಂದರೆ ಬಾಲಮಂದಿರ ಬಿಟ್ಟ ಮೇಲಿನ ಆಸರೆಗೆ, ಅವಕಾಶವಿದೆ, ಅದಕ್ಕೂ ಮಿಷನ್ ವಾತ್ಸಲ್ಯ ತಿಂಗಳಿಗೆ 4,000 ರೂಪಾಯಿ ಕೊಡುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಒಂದು ಪಿ.ಜಿ. ಹಾಸಿಗೆಗೂ ಅದು ಸಾಲದು. ಕೋವಿಡ್ಡಿನಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ಪ್ರಕಟವಾದ ಪಿ.ಎಂ. ಕೇರ್ಸ್ ಯೋಜನೆ 18ರ ನಂತರ ಮಾಸಿಕ ನೆರವು, 23 ತುಂಬಿದಾಗ 10 ಲಕ್ಷ ರೂಪಾಯಿ ಎಂದು ಹೇಳಿತು. ಹದಿನೆಂಟಕ್ಕೆ ಯಾರೂ ತಮ್ಮ ಕಾಲ ಮೇಲೆ ನಿಲ್ಲಲಾರರು ಎಂದು ಸರ್ಕಾರಕ್ಕೆ ಗೊತ್ತಿದೆ ಎಂದಾಯಿತು. ಬೇರೆ ಕಾಯಿಲೆಯಿಂದ ಅಪ್ಪ ಅಮ್ಮ ಸತ್ತವರಿಗೆ, ಅವರು ಯಾರೆಂದೇ ತಿಳಿಯದವರಿಗೆ ಅದೇ ನ್ಯಾಯ ಏಕೆ ಸಲ್ಲುವುದಿಲ್ಲ?

ಹಣಕ್ಕಿಂತ ಮೊದಲು ಅಡ್ಡ ಬರುವುದು ಕಾಗದ. ಪದವಿ ಕಾಲೇಜಿನ ಹಾಸ್ಟೆಲ್ಲಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ನಾಡಕಚೇರಿಯಲ್ಲಿ ಅದಕ್ಕೆ ತಂದೆ ತಾಯಿಯ ದಾಖಲೆ ಕೇಳುತ್ತಾರೆ. ಬ್ಯಾಂಕ್ ಖಾತೆ, ಆಧಾರ್, ರೇಷನ್ ಕಾರ್ಡ್ ಎಲ್ಲವೂ ಒಂದಕ್ಕೊಂದು ಗಂಟು. ಈ ಗಂಟನ್ನು ಹದಿನೆಂಟು ತುಂಬಿದ ಮೇಲೆ ಬಿಡಿಸಲು ಕೂತರೆ ತಡವಾಗಿರುತ್ತದೆ. ಹದಿನಾರಕ್ಕೇ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ವಾರದಲ್ಲೇ, ಶಾಲೆ ಮತ್ತು ಸಂಸ್ಥೆ ಕೂಡಿ ಕೂತು ಕಡತ ಪೂರ್ತಿ ಮಾಡಿಬಿಡಬೇಕು. ಹಳೆಯ ವಿದ್ಯಾರ್ಥಿಗಳು ಬಾಡಿಗೆ ಮನೆ ಹಿಡಿದು ಮೂರು ನಾಲ್ಕು ಕಿರಿಯರನ್ನು ಜೊತೆಗೆ ಇರಿಸಿಕೊಳ್ಳುವಂತೆ ಸಂಸ್ಥೆ ಏರ್ಪಾಡು ಮಾಡಬಹುದು. ದೊಡ್ಡ ಅನುಪಾಲನಾ ಗೃಹಕ್ಕಿಂತ ಅಂಥ ಸಣ್ಣ ಮನೆಯೇ ಬದುಕು ಕಲಿಸುತ್ತದೆ; ಗ್ಯಾಸ್ ಯಾವಾಗ ಮುಗಿಯುತ್ತದೆ, ಮನೆ ಮಾಲೀಕರ ಜೊತೆ ಹೇಗೆ ಮಾತನಾಡಬೇಕು ಎಂಬುದೆಲ್ಲ ಬಾಲಮಂದಿರದ ವೇಳಾಪಟ್ಟಿಯಲ್ಲಿ ಇರುವುದಿಲ್ಲ.

ಕೆಲಸದ ಅರ್ಜಿಯಲ್ಲಿ ‘ಖಾಯಂ ವಿಳಾಸ’ ಎಂಬ ಒಂದು ಸಾಲು ಇರುತ್ತದೆ. ಬಾಲಮಂದಿರ ಬಿಟ್ಟು ವರ್ಷವಾದ ಹುಡುಗಿ ಆ ಸಾಲಿನ ಮೇಲೆ ಪೆನ್ನು ಹಿಡಿದು ಕೂತಿರುತ್ತಾಳೆ. ತಾನು ಬೆಳೆದ ಸಂಸ್ಥೆಯ ವಿಳಾಸವನ್ನು ಅಲ್ಲಿ ಬರೆಯಲು ಅವಳಿಗೆ ಅನುಮತಿ ಇರಬೇಕು. ನೇಮಕಾತಿ ಪತ್ರ ಆ ವಿಳಾಸಕ್ಕೆ ಬಂದಾಗ ಅದನ್ನು ಎತ್ತಿಟ್ಟು ‘ಬಾರಮ್ಮ, ನಿನಗೊಂದು ಕಾಗದ ಬಂದಿದೆ’ ಎಂದು ಫೋನ್ ಮಾಡಲು ಅಲ್ಲಿ ಒಬ್ಬರಿರಬೇಕು.