ನನ್ನ ಸ್ಟೀಲ್ ಎಂಟಿಬಿ 16 ಕೆಜಿ ಇದೆ, ಎಲ್ಲಿಂದ ಹಗುರ ಮಾಡ್ಲಿ?

ಪ್ರಶ್ನೆ: ಹಳೇ ಕಾಲದ ಲುಕ್ ಇರೋ ಸ್ಟೀಲ್ ಎಂಟಿಬಿ (ಮೌಂಟನ್ ಬೈಕ್) ಇದೆ ಸರ್, ನೋಡೋಕೆ ತುಂಬಾ ಇಷ್ಟ, ಮಾರೋ ಮನಸ್ಸಿಲ್ಲ, ಆದ್ರೆ 16 ಕೆಜಿ ತೂಗತ್ತೆ, ತುಳಿದು ತುಳಿದು ಸುಸ್ತಾಗತ್ತೆ. ಯಾವ್ಯಾವ ಪಾರ್ಟ್ ಬದಲಾಯಿಸಿದ್ರೆ ಹಗುರ ಆಗತ್ತೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರ್ದಿದ್ದೀನೋ ಲೆಕ್ಕ ಇಟ್ಟಿಲ್ಲ. ಒಬ್ರದ್ದು 15 ಕೆಜಿ, ಇನ್ನೊಬ್ರದ್ದು 17, ಒಬ್ರು ಕಾರ್ಬನ್ ಹ್ಯಾಂಡಲ್‌ಬಾರ್ ಆರ್ಡರ್ ಮಾಡಿ ಆಮೇಲೆ ಕೇಳ್ತಾರೆ, ಮತ್ತೊಬ್ರು ಸೀಟ್‌ಪೋಸ್ಟಿಗೆ, ಅಂದ್ರೆ ಸೀಟು ಹೊತ್ತಿರೋ ಕಂಬಕ್ಕೆ, ಡ್ರಿಲ್ಲಲ್ಲಿ ತೂತು ಕೊರೀಲಾ ಅಂತ ಕೇಳ್ತಾರೆ (ಬೇಡ, ದಯವಿಟ್ಟು ಬೇಡ, ಆ ತೂತಿನ ಅಂಚಿಂದಾನೇ ಬಿರುಕು ಶುರುವಾಗೋದು, ಮುರಿದಾಗ ಕೂತಿರೋದು ನೀವು). ಅದಕ್ಕೆ ಈ ಸಲ ಪೂರ್ತಿ ಬರ್ದುಬಿಡ್ತೀನಿ. ಉತ್ತರ ಇಷ್ಟೇ: ಹಗುರ ಮಾಡೋಕೆ ಹೋಗ್ಬೇಡಿ. ಮೊದ್ಲು ಟೈರ್ ಬದಲಾಯಿಸಿ, ಆಮೇಲೆ ಬ್ರೇಕ್ ಸರಿ ಮಾಡಿ, ಸೀಟು ಹ್ಯಾಂಡಲ್ ನಿಮ್ಮ ಮೈಗೆ ಹೊಂದಿಸ್ಕೊಳ್ಳಿ. ತೂಕದ ವಿಷಯ ಕೊನೆಗೆ, ಅದೂ ಮನಸ್ಸಿದ್ರೆ.

"ಭಾರ ಇರೋದ್ರಿಂದ ಓಡಲ್ಲ" ಅನ್ನೋ ನಂಬಿಕೆ ಇದ್ಯಲ್ಲ, ಸೈಕಲ್ ಲೋಕದಲ್ಲಿ ಇದರಷ್ಟು ಗಟ್ಟಿಯಾಗಿ ಬೇರು ಬಿಟ್ಟಿರೋದು ಇನ್ನೊಂದಿಲ್ಲ. ಸ್ವಲ್ಪ ಲೆಕ್ಕ ಮಾಡೋಣ, ಕಷ್ಟದ್ದೇನಲ್ಲ. ನೀವು 70 ಕೆಜಿ ಅನ್ಕೊಳ್ಳಿ, ಸೈಕಲ್ 16, ಒಟ್ಟು 86. ಏರು ಹತ್ತುವಾಗ ಕಾಲು ಎತ್ತಬೇಕಾಗಿರೋದು ಈ 86 ನ್ನ, ಬರೀ 16 ನ್ನ ಅಲ್ಲ. ಈಗ ನೀವು ಸೀಟು, ಕ್ರ್ಯಾಂಕ್ (ಪೆಡಲ್ ಕೂರೋ ತೋಳು), ಹ್ಯಾಂಡಲ್, ಪೆಡಲ್ ಎಲ್ಲಾ ಬದಲಾಯಿಸಿ ಹೇಗೋ 2 ಕೆಜಿ ಇಳಿಸಿದ್ರಿ ಅಂತಿಟ್ಕೊಳ್ಳಿ, 2 ಕೆಜಿ ಇಳಿಸೋದು ತಮಾಷೆ ಅಲ್ಲ, ಸಿಕ್ಕಾಪಟ್ಟೆ ಖರ್ಚು. 86 ರಲ್ಲಿ 2 ಅಂದ್ರೆ ನೂರಕ್ಕೆ ಎರಡೂಕಾಲು, ಹೆಚ್ಚುಕಮ್ಮಿ. ಅರ್ಧ ಗಂಟೆ ನಿಲ್ಲದೇ ಹತ್ತೋ ಏರಲ್ಲಿ ನಿಮಗೆ ಉಳಿಯೋದು 40 ಸೆಕೆಂಡ್. ಮುಕ್ಕಾಲು ಲೀಟರಿನ ಎರಡು ನೀರಿನ ಬಾಟಲಿ ತುಂಬ್ಕೊಂಡು ಹೊರಟ್ರೆ ಅದರಲ್ಲಿ ಒಂದೂವರೆ ಕೆಜಿ ವಾಪಸ್ ಬಂತು. ಗುಡ್ಡ ಅಗೆದು ಇಲಿ ಹಿಡಿದ ಹಾಗೆ.

ಅದೂ ಏರಿನ ಲೆಕ್ಕ. ಸಮತಟ್ಟು ರೋಡಲ್ಲಿ ಒಂದೇ ವೇಗದಲ್ಲಿ ಹೋಗುವಾಗ ತೂಕ ಕೆಲಸ ಮಾಡೋದು ಹೆಚ್ಚುಕಮ್ಮಿ ಟೈರಿನ ಉರುಳು-ತಡೆಯ ಮೂಲಕ ಮಾತ್ರ, ಅಂದ್ರೆ ಟೈರ್ ಉರುಳುವಾಗ ಅದು ಒಡ್ಡೋ ತಡೆ. ಮೇಲಿನ 86 ಕೆಜಿ, ಗಂಟೆಗೆ 20 ಕಿಮೀ ವೇಗ ತಗೊಳ್ಳಿ. ಟೈರಿನ ಉರುಳು-ತಡೆಯ ಗುಣಾಂಕ 0.010 ಇದ್ರೆ ಟೈರ್ ಉರುಳಿಸೋದಕ್ಕೇ ಸುಮಾರು 47 ವ್ಯಾಟ್ ಹೋಗತ್ತೆ, ಗುಣಾಂಕ 0.006 ಇರೋ ಟೈರ್ ಹಾಕಿದ್ರೆ 28 ವ್ಯಾಟ್. ವ್ಯತ್ಯಾಸ 19 ವ್ಯಾಟ್. ಇದೇ ಜಾಗದಲ್ಲಿ ಟೈರ್ ಮುಟ್ಟದೇ 2 ಕೆಜಿ ಇಳಿಸಿದ್ರೆ ಉಳಿಯೋದು ಸುಮಾರು 1 ವ್ಯಾಟ್. ಒಂದು! ಆರಾಮಾಗಿ ತುಳಿಯೋ ಮನುಷ್ಯ ಹಾಕೋದು 100 ವ್ಯಾಟ್ ಆಸುಪಾಸು, ಅದರಲ್ಲಿ 19 ಸುಮ್ನೆ ರಬ್ಬರ್ ಬಿಸಿ ಮಾಡೋಕೆ ಹೋಗ್ತಿದ್ರೆ ಸುಸ್ತಾಗದೇ ಇನ್ನೇನಾಗತ್ತೆ.

ಹಾಗಾದ್ರೆ ಎಲ್ರೂ ಯಾಕೆ ಭಾರಾನೇ ಬೈಯ್ತಾರೆ? ನಂಗೆ ಅನ್ಸೋದು, ಸೈಕಲನ್ನ ನಾವು ಮೊದ್ಲು ಅಳೆಯೋದು ಕೈಯಲ್ಲಿ. ಎತ್ತಿ ನೋಡ್ತೀವಿ, ಅಬ್ಬಾ ಅಂತೀವಿ, ಅಲ್ಲಿಗೆ ತೀರ್ಮಾನ ಆಗೋಯ್ತು. ಕೈಗೆ ಗೊತ್ತಾಗೋ 16 ಕೆಜಿ ಬೇರೆ, ನೀವೇ ಮೇಲೆ ಕೂತಾಗ ಕಾಲಿಗೆ ಗೊತ್ತಾಗೋದು ಬೇರೆ. ಇನ್ನೊಂದು ಕಾರಣಾನೂ ಇದೆ, ಫ್ರೆಂಡಿನ 11 ಕೆಜಿ ಸೈಕಲ್ ಒಂದು ರೌಂಡ್ ಹೊಡೀತೀರ, ಹಾರ್ಕೊಂಡು ಹೋಗತ್ತೆ, ಇದು ಹಗುರ ಅದಕ್ಕೇ ಅಂತೀರ, ಆದ್ರೆ ಆ ಸೈಕಲಲ್ಲಿ ಟೈರ್ ಬೇರೆ, ಚೈನ್ ಹೊಸದು, ಚಕ್ರದ ಮಧ್ಯದ ಹಬ್ ಸರಿಯಾಗಿ ತಿರುಗತ್ತೆ, ಕೂರೋ ಭಂಗಿ ಸ್ವಲ್ಪ ಬಗ್ಗಿರೋದ್ರಿಂದ ಗಾಳಿ ಕಮ್ಮಿ ತಡೆಯತ್ತೆ, ಇಷ್ಟೂ ಕ್ರೆಡಿಟ್ಟು ತೂಕಕ್ಕೆ ಹೋಗತ್ತೆ.

ಇಲ್ಲಿಗೆ ಬಂದಾಗ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ: "ಆದ್ರೆ ಚಕ್ರದ ತೂಕ ಬೇರೆ ಸರ್, ಅಲ್ಲಿ ಒಂದು ಗ್ರಾಮ್ ಅಂದ್ರೆ ಫ್ರೇಮಲ್ಲಿ ಹತ್ತು ಗ್ರಾಮಿಗೆ ಸಮ." ಇಲ್ಲ. ಹತ್ತೂ ಇಲ್ಲ, ನಾಲ್ಕೂ ಇಲ್ಲ. ಚಕ್ರದ ಅಂಚಲ್ಲಿರೋ ತೂಕ, ಅಂದ್ರೆ ಟೈರು ರಿಮ್ಮು, ಮುಂದಕ್ಕೂ ಹೋಗ್ಬೇಕು ಸುತ್ತಲೂ ಬೇಕು, ಹಾಗಾಗಿ ವೇಗ ಹೆಚ್ಚಿಸೋವಾಗ ಮಾತ್ರ ಅದು ಗರಿಷ್ಠ ಎರಡು ಪಟ್ಟು ಲೆಕ್ಕ. ಹಬ್ ಮಧ್ಯದಲ್ಲೇ ಇರೋದ್ರಿಂದ ಅದಕ್ಕೆ ಹೆಚ್ಚುಕಮ್ಮಿ ಒಂದೇ ಪಟ್ಟು. ಒಂದೇ ವೇಗದಲ್ಲಿ ಏರು ಹತ್ತುವಾಗ ಎಲ್ಲಾ ಗ್ರಾಮೂ ಒಂದೇ, ಚಕ್ರದ್ದಾಗ್ಲಿ ನಿಮ್ಮ ಚಪ್ಪಲಿದಾಗ್ಲಿ. ಎರಡೂ ರಿಮ್ ಸೇರಿ 400 ಗ್ರಾಮ್ ಇಳಿಸಿದ್ರೂ ಸಿಗ್ನಲ್ ಬಿಟ್ಟಾಗ ಎದ್ದು ಓಡೋಕೆ ಅದು 800 ಗ್ರಾಮ್ ಇಳಿಸಿದ ಹಾಗೆ, 86 ಕೆಜಿಯಲ್ಲಿ ನೂರಕ್ಕೆ ಒಂದೂ ಇಲ್ಲ. ಮೇಲಾಗಿ ಚಕ್ರಕ್ಕೆ ತುಂಬಿದ ಶಕ್ತಿ ಎಲ್ಲೂ ಓಡಿಹೋಗಲ್ಲ, ತುಳಿಯೋದು ನಿಲ್ಲಿಸಿದಾಗ ಅದೇ ನಿಮ್ಮನ್ನ ಮುಂದಕ್ಕೆ ಒಯ್ಯತ್ತೆ.

ಫ್ರೇಮೇ ಬದಲಾಯಿಸ್ತೀನಿ ಅನ್ನೋರಿಗೂ ಒಂದು ಮಾತು. ಸ್ಟೀಲಲ್ಲಿ ಹೈಟೆನ್ ಅಂತಿದೆ, ಕ್ರೋಮೋಲಿ ಅಂತಿದೆ, 4130 ಅಂತ ಸ್ಟಿಕರ್ ಇದ್ರೆ ಅದು ಕ್ರೋಮೋಲಿ. ಕ್ರೋಮೋಲಿ ಅಂದ್ರೆ ಹಗುರ ಲೋಹ ಅಂತ ಸುಮಾರು ಜನ ತಿಳ್ಕೊಂಡಿದ್ದಾರೆ, ಹಾಗಲ್ಲ, ಎರಡರ ಸಾಂದ್ರತೆಯೂ ಹೆಚ್ಚುಕಮ್ಮಿ ಒಂದೇ, ಬಿಗಿತವೂ ಒಂದೇ. ಕ್ರೋಮೋಲಿ ಹೆಚ್ಚು ಗಟ್ಟಿ, ಅದಕ್ಕೇ ಪೈಪಿನ ಗೋಡೆ ತೆಳ್ಳಗೆ ಮಾಡ್ಬಹುದು, ತುದಿಗಳಲ್ಲಿ 0.9 ಮಿಮೀ ಇಟ್ಟು ಮಧ್ಯದಲ್ಲಿ 0.6 ಕ್ಕೆ ಇಳಿಸ್ಬಹುದು, ತೂಕ ಉಳಿಯೋದು ಅಲ್ಲಿ. ಉಳಿದ್ರೂ ಒಂದು ಕೆಜಿ ಒಳಗೆ. ಅಷ್ಟಕ್ಕೆ ಇಷ್ಟಪಟ್ಟ ಫ್ರೇಮ್ ಬಿಡ್ತೀರಾ?

ದಿನಾ ಮೂರು ಮಹಡಿ ಹೆಗಲ ಮೇಲೆ ಹೊತ್ಕೊಂಡು ಹತ್ತಬೇಕು ಅಂದ್ರೆ ಒಪ್ತೀನಿ, ಅಲ್ಲಿ ಭಾರ ನಿಜವಾದ ಭಾರ. ಕಲ್ಲು ಬಂಡೆ ದಾರೀಲಿ ಸೈಕಲ್ ಎತ್ತಿ ಎತ್ತಿ ಹಾರಿಸೋರಿಗೂ ಹಾಗೇ. ಉಳಿದೋರು ಮುಂದೆ ಓದಿ.

ಟೈರ್. ಈ ರೆಟ್ರೋ ಎಂಟಿಬಿಗಳಲ್ಲಿ ಚಂದ ಕಾಣ್ಲಿ ಅಂತ ದಪ್ಪ ಗುಬುಟು-ಗುಬುಟಿನ ಟೈರ್ ಹಾಕಿರ್ತಾರೆ, ಗಟ್ಟಿ ರಬ್ಬರು, ಟಾರ್ ರೋಡಲ್ಲಿ ಗುಂಯ್ ಅಂತ ಸದ್ದು ಬರತ್ತಲ್ಲ, ಅದು ನಿಮ್ಮ ಕಾಲಿನ ಶಕ್ತಿ ಹೋಗ್ತಿರೋ ಸದ್ದು. ಮಧ್ಯದಲ್ಲಿ ನುಣುಪಾಗಿರೋ, ಗೋಡೆ ಮೆತ್ತಗಿರೋ ಎರಡಿಂಚಿನ ಟೈರ್ ಹಾಕಿ, ಮಣ್ಣಿನ ರಸ್ತೆಗೂ ಆಗತ್ತೆ, ಲುಕ್ಕೂ ಹೋಗಲ್ಲ. 26 ಇಂಚು ಅಂತ ಬರ್ದಿರೋದೆಲ್ಲ ಒಂದೇ ಅಲ್ಲ ಅನ್ನೋದು ನೆನಪಿರ್ಲಿ, ಟೈರಿನ ಬದಿಯಲ್ಲಿ 50-559 ಥರ ಒಂದು ನಂಬರ್ ಇರತ್ತೆ, ಎಂಟಿಬಿಗೆ ಬೇಕಾಗಿರೋದು ಆ 559. 590 ಇರೋದಕ್ಕೂ 26 ಅಂತಾನೇ ಕರೀತಾರೆ, ಅದು ನಿಮ್ಮ ರಿಮ್ಮಿಗೆ ಕೂರಲ್ಲ. ಗಾಳಿ ಟಾರ್ ರೋಡಿಗೆ 40 ಪಿಎಸ್ಐ ಆಸುಪಾಸು, ಮಣ್ಣಿಗೆ 30ರ ಹತ್ತಿರ, ನಿಮ್ಮ ತೂಕ ನೋಡ್ಕೊಂಡು ಹೆಚ್ಚುಕಮ್ಮಿ ಮಾಡ್ಕೊಳ್ಳಿ.

ಬ್ರೇಕಿಗೆ ಬರೋಣ. ಇದನ್ನ ಯಾರೂ ಕೇಳೋದೇ ಇಲ್ಲ, ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ನಿಮ್ಮ ಸೈಕಲಿನ ಫೋರ್ಕಲ್ಲಿ (ಮುಂದಿನ ಚಕ್ರ ಹಿಡಿದಿರೋ ಕವಲು) ಹಳೇ ಥರದ ಕ್ಯಾಂಟಿಲಿವರ್ ಬ್ರೇಕಿನ ಗೂಟ ಇದ್ರೆ ಅದೇ ಗೂಟಕ್ಕೆ ಉದ್ದ ತೋಳಿನ ವಿ-ಬ್ರೇಕ್ ಕೂರತ್ತೆ, ಆದ್ರೆ ಲಿವರ್ ಕೂಡ ಬದಲಾಯಿಸ್ಬೇಕು, ವಿ-ಬ್ರೇಕಿಗೆ ಸುಮಾರು ಎರಡರಷ್ಟು ಕೇಬಲ್ ಎಳೀಬೇಕಾಗತ್ತೆ. ಹಳೇ ಲಿವರಲ್ಲೇ ವಿ-ಬ್ರೇಕ್ ಹಾಕಿದ್ರೆ ಲಿವರ್ ಹ್ಯಾಂಡಲಿಗೆ ತಾಗಿದ್ರೂ ಪ್ಯಾಡ್ ಸರಿಯಾಗಿ ಹಿಡಿಯಲ್ಲ. ಇನ್ನು ರಿಮ್ ಪಳಪಳ ಹೊಳೆಯೋ ಕ್ರೋಮ್ ಸ್ಟೀಲ್ ಆಗಿದ್ರೆ ಅದನ್ನ ಮೊದ್ಲು ತೆಗೀರಿ, ಮಳೇಲಿ ಸ್ಟೀಲ್ ರಿಮ್ ಮೇಲೆ ರಬ್ಬರ್ ಪ್ಯಾಡ್ ಜಾರತ್ತೆ, ನಿಲ್ಲೋ ದೂರ ಎಷ್ಟು ಉದ್ದ ಆಗತ್ತೆ ಅಂತ ಒಂದು ಸಲ ಅನುಭವಿಸಿದೋರು ಮರೆಯಲ್ಲ. ಅಲ್ಯೂಮಿನಿಯಂ ರಿಮ್ ಹಾಕಿ. ತೂಕಾನೂ ಇಳಿಯತ್ತೆ, ಆದ್ರೆ ಹಾಕೋದು ನಿಲ್ಲೋಕೆ.

ಭಾರದ ಸ್ಟೀಲ್ ಸೈಕಲ್ ಕಸ್ಟಮೈಸ್ ಮಾಡೋದ್ರಿಂದಾನೇ ಮೌಂಟನ್ ಬೈಕ್ ಅನ್ನೋದು ಹುಟ್ಟಿದ್ದು ಗೊತ್ತಲ್ವಾ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಒಂದಷ್ಟು ಹುಡುಗ್ರು ಹಳೇ ಬಲೂನ್ ಟೈರಿನ ಸೈಕಲ್‌ಗಳನ್ನ, ಶ್ವಿನ್ ಎಕ್ಸೆಲ್ಸಿಯರ್ ಥರದ್ದು, ಗುಜರಿಯಿಂದ ತಂದು ಬೆಟ್ಟದ ಮಣ್ಣು ದಾರೀಲಿ ಇಳಿಸ್ತಿದ್ರು. ಅವು ಸುಮಾರು 20 ಕೆಜಿ ತೂಗ್ತಿದ್ವು. 1976ರ ಅಕ್ಟೋಬರಲ್ಲಿ ಫೇರ್‌ಫ್ಯಾಕ್ಸ್ ಹತ್ತಿರ ಶುರುವಾದ ಅವರ ಇಳಿಜಾರು ರೇಸಿಗೆ ರೀಪ್ಯಾಕ್ ಅಂತ ಹೆಸರು. ಯಾಕಂದ್ರೆ ಪೆಡಲ್ ಹಿಂದಕ್ಕೆ ತುಳಿದು ಹಿಡಿಯೋ ಆ ಕೋಸ್ಟರ್ ಬ್ರೇಕ್ ಒಂದೇ ಇಳಿಜಾರಿಗೆ ಎಷ್ಟು ಕಾದುಹೋಗ್ತಿತ್ತು ಅಂದ್ರೆ ಹಬ್ಬಿನ ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಮತ್ತೆ ಹೊಸದಾಗಿ ಗ್ರೀಸ್ ತುಂಬಬೇಕಾಗ್ತಿತ್ತು. ಅವರು ಏನು ಮಾಡಿದ್ರು? ಡ್ರಮ್ ಬ್ರೇಕ್ ಹಾಕಿದ್ರು, ಮೋಟಾರ್‌ಸೈಕಲ್ ಲಿವರ್ ಹಾಕಿದ್ರು, ಏರಿಗೆ ಅಂತ ಗೇರ್ ಹಾಕಿದ್ರು. ಅಂದ್ರೆ ಮೇಲೆ ಇನ್ನಷ್ಟು ಭಾರ ಸೇರಿಸಿದ್ರು! ಅವರಲ್ಲೇ ಒಬ್ಬ, ಜೋ ಬ್ರೀಜ್, 1977ರಲ್ಲಿ ಕ್ರೋಮೋಲಿಯಲ್ಲಿ ಇದಕ್ಕೆ ಅಂತಾನೇ ಫ್ರೇಮ್ ಕಟ್ಟಿದ್ದು ಆಮೇಲಿನ ಮಾತು. ನಿಮ್ಮ ಸೈಕಲಿನ ರೆಟ್ರೋ ಲುಕ್ ಬಂದಿರೋದು ಅಲ್ಲಿಂದಾನೇ.

ಗೇರ್ ಬಗ್ಗೆ ಚಿಕ್ಕದಾಗಿ. ಈಗ ಎಲ್ರಿಗೂ ಮುಂದೆ ಒಂದೇ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲಿನ ಚಕ್ರ) ಬೇಕು, ನೋಡೋಕೆ ಕ್ಲೀನ್ ಆಗಿ ಕಾಣತ್ತೆ, ನಿಜ. ಆದ್ರೆ ಹಳೇ ಸೆಟ್ಟಲ್ಲಿ ಮುಂದೆ 22, ಹಿಂದೆ 28 ಹಲ್ಲು ಇದ್ರೆ ಅನುಪಾತ 0.79. ಅದನ್ನ ತೆಗೆದು ಮುಂದೆ 32, ಹಿಂದೆ 34 ಹಾಕಿದ್ರೆ 0.94. ಅತಿ ಹಗುರದ ಗೇರೇ ಸುಮಾರು ಶೇಕಡಾ 20 ಗಟ್ಟಿ ಆಯ್ತು. ಏರು ಕಷ್ಟ ಅಂತ ಬಂದೋರು ಏರಿನ ಗೇರನ್ನೇ ಕಿತ್ತು ಹಾಕಿದ ಹಾಗೆ. ಮಾಡ್ಲೇಬೇಕು ಅಂದ್ರೆ ಹಿಂದೆ 42 ಹಲ್ಲಿರೋ ಕ್ಯಾಸೆಟ್ಟು (ಹಿಂದಿನ ಗೇರುಗಳ ಗುಚ್ಛ), ಅಷ್ಟು ದೊಡ್ಡ ಗೇರಿಗೆ ಚೈನ್ ಸರಿಸೋ ಡಿರೇಲರ್ ಬೇಕು, ಅದಕ್ಕಿಂತ ಮೊದ್ಲು ಹಿಂದಿನ ಹಬ್ ಅಗಲ 126 ಮಿಮೀ ಇದ್ಯಾ 130 ಇದ್ಯಾ 135 ಇದ್ಯಾ ಅಂತ ಸ್ಕೇಲ್ ಹಿಡಿದು ಅಳೀರಿ.

ಸಸ್ಪೆನ್ಶನ್ ಫೋರ್ಕ್ ಹಾಕ್ಲಾ ಅಂತಾನೂ ಕೇಳ್ತಾರೆ, ಅದೂ ಹಗುರ ಮಾಡ್ಬೇಕು ಅಂದೋರೇ. ಅಗ್ಗದ ಸಸ್ಪೆನ್ಶನ್ ಫೋರ್ಕ್ ಎರಡೂವರೆ ಕೆಜಿ ಇರತ್ತೆ, ಈಗಿರೋ ಸ್ಟೀಲ್ ಫೋರ್ಕಿನ ಡಬಲ್. ಮೇಲಾಗಿ ಅದು ಉದ್ದ, ಮುಂಭಾಗ 20 ಮಿಮೀ ಎತ್ತರ ಆದ್ರೆ ಫೋರ್ಕ್ ತೂರಿರೋ ಮುಂದಿನ ಪೈಪಿನ ಕೋನ ಹತ್ತಿರ ಹತ್ತಿರ ಒಂದು ಡಿಗ್ರಿ ಹಿಂದಕ್ಕೆ ಮಲಗತ್ತೆ, ಸೈಕಲಿನ ಗುಣವೇ ಬದಲಾಗತ್ತೆ. ಆ ಫ್ರೇಮನ್ನ ಯೋಚಿಸಿ ಕಟ್ಟಿರೋದು ಈಗಿರೋ ಫೋರ್ಕಿಗೆ.

ಈಗ ಯಾರೂ ಕೇಳದೇ ಇರೋ ಒಂದು ವಿಷಯ, ನಂಗೆ ಮಾತ್ರ ಇದು ಮೇಲಿನ ಎಲ್ಲಕ್ಕಿಂತ ಮುಖ್ಯ. ನಿಮ್ಮ ಸೀಟ್‌ಪೋಸ್ಟ್ ಕೊನೇ ಸಲ ಹೊರಗೆ ತೆಗೆದಿದ್ದು ಯಾವಾಗ? ಸ್ಟೀಲ್ ಫ್ರೇಮಿಗೆ ಭಾರ ಶತ್ರು ಅಲ್ಲ, ನೀರು ಶತ್ರು. ಫ್ರೇಮ್ ಸ್ಟೀಲು, ಸೀಟ್‌ಪೋಸ್ಟ್ ಅಲ್ಯೂಮಿನಿಯಂ, ಮಧ್ಯೆ ಮಳೆನೀರು ಇಲ್ಲಾ ಬೆವರಿನ ಉಪ್ಪು ಸೇರಿದ್ರೆ ಅದೊಂದು ಪುಟ್ಟ ಬ್ಯಾಟರಿ ಆಗತ್ತೆ, ಅಲ್ಯೂಮಿನಿಯಂ ತಿಂದುಹೋಗಿ ಬಿಳೀ ಪುಡಿ ಆಗತ್ತೆ, ಆ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಬೆಣೆ ಹೊಡೆದ ಹಾಗೆ ಕಚ್ಕೊಳ್ಳತ್ತೆ. ನನ್ನದೇ ಒಂದು ಹಳೇ ಫ್ರೇಮಲ್ಲಿ ಹೀಗಾಗಿ, ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ಕೊಂಡು ಒಳಗಿಂದ ಉದ್ದುದ್ದ ಕೊಯ್ದು ತೆಗೆಯೋಕೆ ಎರಡು ದಿನ ಹಿಡೀತು, ಇನ್ನು ಸ್ವಲ್ಪ ಕೈ ತಪ್ಪಿದ್ರೆ ಫ್ರೇಮೇ ಕೊಯ್ದಿರ್ತಿತ್ತು.

ಅದಕ್ಕೆ ಪಾರ್ಟ್ ಆರ್ಡರ್ ಮಾಡೋಕೆ ಮುಂಚೆ ಇದನ್ನ ಮಾಡಿ. ಸೀಟಿನ ಎತ್ತರಕ್ಕೆ ಒಂದು ಟೇಪ್ ಗುರುತು ಅಂಟಿಸಿ (ಸುಮಾರು ಜನ ಸೀಟು ತೀರಾ ಕೆಳಗಿಟ್ಕೊಂಡು ಮಂಡಿ ಮಡಚಿ ತುಳಿದು, ಆ ಸುಸ್ತನ್ನೂ ಭಾರದ ಲೆಕ್ಕಕ್ಕೆ ಬರೀತಾರೆ, ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ರೆ ಕಾಲು ನೇರ ಆಗ್ಬೇಕು, ಅಷ್ಟೆತ್ತರ). ಬೋಲ್ಟ್ ಸಡಿಲ ಮಾಡಿ, ತಿರುಗಿಸ್ತಾ ಎಳೀರಿ. ಹೊರಗೆ ಬಂದ್ಮೇಲೆ ಸೈಕಲ್ ತಲೆಕೆಳಗು ಮಾಡಿ, ಪೈಪಿಂದ ನೀರು ಬಂದ್ರೆ ಎರಡು ದಿನ ಹಾಗೇ ಒಣಗೋಕೆ ಬಿಡಿ, ಕೆಳಗೆ ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ತಿರುಗೋ ಜಾಗ) ಹತ್ತಿರ ನೀರು ಹೋಗೋ ತೂತಿದ್ರೆ ಒಂದು ತಂತಿ ಹಾಕಿ ಬಿಡಿಸಿ. ಒಳಗೆ ತುಕ್ಕು ತಡೆಯೋ ಎಣ್ಣೆ ಸ್ಪ್ರೇ ಮಾಡಿ, ಸೀಟ್‌ಪೋಸ್ಟ್ ಒರೆಸಿ, ಧಾರಾಳವಾಗಿ ಗ್ರೀಸ್ ಹಚ್ಚಿ ವಾಪಸ್ ಹಾಕಿ, ಕನಿಷ್ಠ ಇಷ್ಟಾದ್ರೂ ಒಳಗಿರ್ಬೇಕು ಅಂತ ಅದರ ಮೇಲಿರೋ ಗೆರೆ ಫ್ರೇಮಿನ ಒಳಗೇ ಇರ್ಲಿ. ಆರು ತಿಂಗಳಿಗೊಂದ್ಸಲ. ತೆಗೆಯೋಕೆ ಹೋದಾಗ ಅಲ್ಲಾಡ್ಲೇ ಇಲ್ಲ ಅಂದ್ರೆ ಸುತ್ತಿಗೆ ತಗೋಬೇಡಿ, ಸಂದಿಗೆ ಪೆನಟ್ರೇಟಿಂಗ್ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡಿ, ನಾಳೆ ಮತ್ತೆ ಬಿಡಿ, ಮೂರನೇ ದಿನಕ್ಕೂ ಬರ್ಲಿಲ್ಲ ಅಂದ್ರೆ ಆಗ ಬರೀರಿ, ಯಾವ ವ್ಯಾಸದ ಪೋಸ್ಟು, ಎಷ್ಟು ವರ್ಷದಿಂದ ಒಳಗಿದೆ ಅಂತ ಸೇರಿಸಿ.