ಒಂದೇ ಅಂಕಿ ಕೇಳಿದರೂ ಒಂದೇ ಅಂಕಿ ಕೊಡಬೇಡಿ

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಯಾವಾಗ ಎಂಬುದು ಗೊತ್ತಾಗುತ್ತಿದ್ದಂತೆ ಈ ಭಾಗದ ಪ್ರಾಧ್ಯಾಪಕರಿಗೆ, ಎಂಜಿನಿಯರುಗಳಿಗೆ, ಮಣ್ಣು-ನೀರಿನ ತಜ್ಞರಿಗೆ ಶಾಸಕರ ಆಪ್ತ ಸಹಾಯಕರ ಫೋನ್ ಶುರು. ವಿಷಯ ಆಲಮಟ್ಟಿ ಆಗಿರಬಹುದು, ಕಬ್ಬಿನ ಇಳುವರಿ ಆಗಿರಬಹುದು, ಬೋರ್‌ವೆಲ್ಲಿನ ಫ್ಲೋರೈಡ್ ಆಗಿರಬಹುದು. ಕೇಳುವ ಧಾಟಿ ಒಂದೇ: “ಅಷ್ಟೆಲ್ಲಾ ಬ್ಯಾಡ್ರಿ ಸರ್, ಒಂದು ಫಿಗರ್ ಹೇಳಿಬಿಡ್ರಿ ಸಾಕು. ಸಾಹೇಬ್ರು ಸದನದಾಗ ಮಾತಾಡೋರದಾರ.” ತಜ್ಞರು ಹೇಳಿಬಿಡುತ್ತಾರೆ.

ಇದರಲ್ಲಿ ಶಾಸಕರನ್ನು ಬೈಯಲು ನನಗೆ ಮನಸ್ಸಿಲ್ಲ. ರಸ್ತೆ, ಶಾಲೆ, ವರ್ಗಾವಣೆ, ಬೆಳೆ ಪರಿಹಾರ ಎಲ್ಲ ಒಂದೇ ದಿನ ಮೇಜಿನ ಮೇಲೆ ಬೀಳುವವರು ಅವರು. ಸಿಟ್ಟು ಬರುವುದು ನಮ್ಮವರ ಮೇಲೆಯೇ. ತಮ್ಮ ಸಂಶೋಧನಾ ಪ್ರಬಂಧದಲ್ಲಿ ‘ಇಷ್ಟು ಹೆಚ್ಚು-ಕಡಿಮೆ’ ಎಂಬ ಮಿತಿ ಇಲ್ಲದೆ ಒಂದು ಅಂಕಿಯನ್ನೂ ಬರೆಯದವರು, ಶಾಸಕರಿಗೆ ಹೇಳುವಾಗ ಮಾತ್ರ ಆ ಮಿತಿಯನ್ನು ಕಿತ್ತುಹಾಕುತ್ತಾರೆ. ‘ಅವರಿಗೆ ತಿಳಿಯೋದಿಲ್ಲ’ ಎಂಬ ಸಮಜಾಯಿಷಿ ಬೇರೆ. ಒಂದೊಂದು ಬೂತಿನಲ್ಲಿ ಲೀಡು ಇಷ್ಟರಿಂದ ಇಷ್ಟರೊಳಗೆ ಬಂದೀತು ಎಂದು ಕೂತಲ್ಲೇ ಲೆಕ್ಕ ಹಾಕುವ ಮನುಷ್ಯನಿಗೆ ಅಂದಾಜು ಎಂದರೇನು ಎಂದು ನಾವು ಕಲಿಸಬೇಕೇ?

ಆಲಮಟ್ಟಿಯ ಲೆಕ್ಕವನ್ನೇ ನೋಡಿ. ಟಿಎಂಸಿ ಎಂದರೆ ನೀರಿನ ಪ್ರಮಾಣ, 100 ಕೋಟಿ ಘನ ಅಡಿ. ಕ್ಯೂಸೆಕ್ ಎಂದರೆ ಹರಿವಿನ ವೇಗ, ಸೆಕೆಂಡಿಗೆ ಇಷ್ಟು ಘನ ಅಡಿ. ಇವೆರಡನ್ನೂ ಕಲಸಿ ಮಾತಾಡುವುದು ಸದನದಲ್ಲಷ್ಟೇ ಅಲ್ಲ, ಪತ್ರಿಕೆಗಳಲ್ಲೂ ನಡೆದೇ ಇದೆ. ಜೋಡಿಸುವ ಸೂತ್ರ ಸುಲಭ: 1 ಲಕ್ಷ ಕ್ಯೂಸೆಕ್ ನೀರು 24 ತಾಸು ಹರಿದರೆ 8.64 ಟಿಎಂಸಿ.

ಈಗ ಪ್ರಶ್ನೆ: ‘ಮಹಾಪೂರ ಬಂದಾಗ ತಡೆಯಲಿಕ್ಕೆ ಜಲಾಶಯದಲ್ಲಿ 20 ಟಿಎಂಸಿ ಜಾಗ ಖಾಲಿ ಇಟ್ಟರೆ ಎಷ್ಟು ಹೊತ್ತು ಸಿಗುತ್ತದೆ?’ ಒಳಹರಿವು 3 ಲಕ್ಷ ಕ್ಯೂಸೆಕ್, ಹೊರಕ್ಕೆ ಬಿಡುತ್ತಿರುವುದು 1 ಲಕ್ಷ ಎಂದಿಟ್ಟುಕೊಳ್ಳಿ. ನಿಲ್ಲುವುದು 2 ಲಕ್ಷ, ದಿನಕ್ಕೆ 17.28 ಟಿಎಂಸಿ. 20 ಟಿಎಂಸಿ ತುಂಬಲು ಸುಮಾರು 28 ತಾಸು. ತಜ್ಞರು ‘28 ತಾಸು’ ಎಂದು ಹೇಳಿ ಫೋನ್ ಇಡುತ್ತಾರೆ. ಆದರೆ ಒಳಹರಿವಿನ ಮುನ್ಸೂಚನೆ ನೂರಕ್ಕೆ 15ರಷ್ಟು ತಪ್ಪಿತು ಅನ್ನಿ. 3 ಲಕ್ಷದ ಬದಲು 3.45 ಲಕ್ಷ ಬಂದರೆ ಸಿಗುವುದು 23 ತಾಸು, 2.55 ಲಕ್ಷ ಬಂದರೆ 36 ತಾಸು. ಆದ್ದರಿಂದ ಕೊಡಬೇಕಾದ ಉತ್ತರ ‘23ರಿಂದ 36 ತಾಸು, ಹೊರಹರಿವು 1 ಲಕ್ಷ ಕ್ಯೂಸೆಕ್ ಇದ್ದರೆ, ಮುನ್ಸೂಚನೆ ಶೇ. 15ರ ಒಳಗೆ ಸರಿ ಇದ್ದರೆ’. (ಇದು ತೋರಿಸಲು ಹಾಕಿದ ಲೆಕ್ಕ ಮಾತ್ರ. ಇದನ್ನಿಟ್ಟುಕೊಂಡು ಗೇಟಿನ ತೀರ್ಮಾನ ಯಾರೂ ಮಾಡಬಾರದು.)

ಹದಿಮೂರು ತಾಸಿನ ಈ ಅಂತರ ಸಣ್ಣದಲ್ಲ. ನದಿಪಾತ್ರದ ಹಳ್ಳಿಗಳಿಗೆ ಡಂಗುರ ಸಾರಿ ಎಚ್ಚರಿಸಿ, ದನಕರುಗಳನ್ನು ಸಾಗಿಸಲು ಒಂದು ಹಗಲು ಸಿಕ್ಕೀತೋ ಇಲ್ಲವೋ ಎಂಬುದು ನಿಂತಿರುವುದು ಈ ಅಂತರದ ಮೇಲೆಯೇ. ಇನ್ನೊಂದು ಮಗ್ಗುಲೂ ಇದೆ. ಜುಲೈಯಲ್ಲಿ 20 ಟಿಎಂಸಿ ಖಾಲಿ ಇಟ್ಟು, ಆಗಸ್ಟಿನಲ್ಲಿ ಮಳೆ ಕೈಕೊಟ್ಟರೆ ವಿಜಯಪುರ, ಬಾಗಲಕೋಟೆ ರೈತರ ಕಾಲುವೆಗೆ ನೀರು ಕಡಿಮೆ. ಜಮಖಂಡಿ, ಅಥಣಿ ಕಡೆಯ ಹಿನ್ನೀರಿನ ಭಯ ಒಂದು ಕಡೆ, ಕೆಳಗಿನ ಹೊಲದ ದಾಹ ಒಂದು ಕಡೆ. ಯಾವುದಕ್ಕೆ ಎಷ್ಟು ತೂಕ ಎಂದು ನಿರ್ಧರಿಸುವವರು ಗೆದ್ದು ಬಂದವರು. ನಾವು ಒಂದೇ ಅಂಕಿ ಕೊಟ್ಟಾಗ ಆ ನಿರ್ಧಾರವನ್ನೂ ಅವರಿಗೆ ಗೊತ್ತಿಲ್ಲದಂತೆ ನಾವೇ ಮಾಡಿದಂತಾಯಿತು. ನನಗೆ ತೀರಾ ಕಿರಿಕಿರಿ ಆಗುವುದು ಇಲ್ಲೇ.

ಅಂಕಿ ಎಲ್ಲಿಂದ ಅಳೆದದ್ದು ಎಂಬುದನ್ನೂ ಬಿಡುವಂತಿಲ್ಲ. ಆಲಮಟ್ಟಿಯ ಈಗಿನ 519.60 ಮೀಟರ್, ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ 524.256 ಮೀಟರ್, ಎರಡೂ ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ನೀರಿನ ಮಟ್ಟಗಳು. ಅಣೆಕಟ್ಟೆಯೇ 524 ಮೀಟರ್ ಎತ್ತರ ಆಗುತ್ತದೆ ಎಂದು ಭಾಷಣ ಮಾಡುವವರಿದ್ದಾರೆ. ವ್ಯತ್ಯಾಸ ಇರುವುದು 4.656 ಮೀಟರ್.

ನೀರಿನ ಗುಣಮಟ್ಟದ ಬಗ್ಗೆ ಶಾಸಕರಿಗೆ ಬರೆದುಕೊಡುವ ಟಿಪ್ಪಣಿಯಲ್ಲೂ ಇದೇ ರೋಗ. ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ‘200 ಬಂತು, ನೀರು ಚಲೋ ಐತಿ’ ಎನ್ನುತ್ತಾರೆ. ಆ ಮೀಟರು ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಹರಿಸುತ್ತದೆ ಎಂಬುದನ್ನು. ಅದರಿಂದ ಒಟ್ಟು ಲವಣದ ಅಂದಾಜು. ಫ್ಲೋರೈಡಿನ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಮಾತ್ರ 1.5. ಇನ್ನೂರು ಮಿಲಿಗ್ರಾಂ ಲವಣದ ನಡುವೆ ಎರಡು ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಮೀಟರು ಬಾಯಿ ಬಿಡುವುದಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಏರುತ್ತದೆ. ಮಾದರಿ ತೆಗೆದ ತಿಂಗಳನ್ನೂ ಬರೆಯಿರಿ. ಮೇ ತಿಂಗಳ ಬೋರ್‌ವೆಲ್ಲೂ ಅಕ್ಟೋಬರಿನ ಬೋರ್‌ವೆಲ್ಲೂ ಒಂದೇ ಅಲ್ಲ.

ಟಿಪ್ಪಣಿ ಎರಡು ಪುಟ ದಾಟಬಾರದು. ಬ್ರಿಟನ್ನಿನ ಸಂಸತ್ತಿಗೆ 1989ರಿಂದ ವಿಜ್ಞಾನ-ತಂತ್ರಜ್ಞಾನದ ಒಂದು ಕಚೇರಿ ಇದೆ. ಅಲ್ಲಿಯ ಟಿಪ್ಪಣಿಗಳು ಬಹುಕಾಲ ನಾಲ್ಕೇ ಪುಟ, ಹೊರಗಿನ ತಜ್ಞರು ಓದಿ ತಿದ್ದಿದವು. ‘ಹೀಗೆ ಮಾಡಿ’ ಎಂಬ ಶಿಫಾರಸು ಅವುಗಳಲ್ಲಿ ಇರುವುದಿಲ್ಲ. ಅಮೆರಿಕದ ಕಾಂಗ್ರೆಸ್ಸು 1972ರಲ್ಲಿ ಕಟ್ಟಿದ ಇಂಥದ್ದೇ ಕಚೇರಿಯ ವರದಿಗಳು ಗಟ್ಟಿಯಾಗಿದ್ದವು, ಆದರೆ ದಪ್ಪ, ಬರುವುದೂ ತಡ ಎಂಬ ದೂರಿತ್ತು. 1995ರಲ್ಲಿ ಅದರ ಬಾಗಿಲು ಹಾಕಿದರು. ದೂರೊಂದೇ ಕಾರಣವಲ್ಲ, ರಾಜಕೀಯವೂ ಇತ್ತು.

ನಮ್ಮ ಎರಡು ಪುಟದಲ್ಲಿ ಮೊದಲ ಸಾಲು ಸದನ ತೀರ್ಮಾನಿಸಬೇಕಾದ ಪ್ರಶ್ನೆಯೇ ಆಗಿರಲಿ, ‘ಪೀಠಿಕೆ’ ಬೇಡ. ಆಮೇಲೆ ಖಚಿತವಾಗಿ ಗೊತ್ತಿರುವುದು, ಅಂದಾಜು ಇರುವುದು, ಇನ್ನೂ ಅಳೆಯದೇ ಇರುವುದು, ಈ ಮೂರನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಇಡಿ. ಪ್ರತಿ ಅಂಕಿಯ ಪಕ್ಕದಲ್ಲೇ ಅಳತೆ, ಜಾಗ, ತಿಂಗಳು, ಮಿತಿ ಇರಲಿ. ಅಡಿಟಿಪ್ಪಣಿಗೆ ತಳ್ಳಿದರೆ ಓದುವ ಹೊತ್ತಿಗೆ ಅದು ಉದುರಿಹೋಗುತ್ತದೆ. ಮುಖ್ಯ ಅಂಕಿಯನ್ನು ಅಕ್ಷರದಲ್ಲೂ ಬರೆಯಿರಿ: ‘1.5 (ಒಂದೂವರೆ)’. ಜೆರಾಕ್ಸಿನ ಜೆರಾಕ್ಸಿನಲ್ಲಿ ಚುಕ್ಕೆ ಅಳಿದು 15 ಆಗುವುದು ಕಲ್ಪನೆಯಲ್ಲ. ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ ಕಡತವನ್ನು ಹಾಗೇ ವಾಟ್ಸಾಪಿನಲ್ಲಿ ತಳ್ಳಬೇಡಿ. ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ನೋಡಿ, ಪಿಡಿಎಫ್ ಕಳಿಸಿ. ಒಪ್ಪದ ತಜ್ಞರು ಇದ್ದರೆ ಅವರ ವಾದಕ್ಕೂ ಎರಡು ಸಾಲು ಕೊಡಿ, ಇಲ್ಲದಿದ್ದರೆ ಎದುರು ಪಕ್ಷದವರು ಅದನ್ನೇ ಹಿಡಿದು ನಿಮ್ಮ ಶಾಸಕರನ್ನು ಕೂರಿಸುತ್ತಾರೆ.

ಸಮಯದ ಮಾತು. ಅಧಿವೇಶನ ಶುರುವಾದ ಮೇಲೆ ಬೆಳಗಾವಿಗೆ ಬಂದು ಮನವಿ ಕೊಟ್ಟು ಫೋಟೊ ತೆಗೆಸಿಕೊಂಡರೆ ಫೋಟೊ ಮಾತ್ರ ಸಿಗುತ್ತದೆ. ಶಾಸಕರು ತಮ್ಮ ಪ್ರಶ್ನೆಗಳನ್ನು ಮುಂಚೆಯೇ ಕಳಿಸಿ ಆಗಿರುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು; ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರವಷ್ಟೇ. ಆದ್ದರಿಂದ ಟಿಪ್ಪಣಿಯ ಕೊನೆಗೆ ಎರಡು ಉಪಪ್ರಶ್ನೆ ಬರೆದುಕೊಡಿ: ‘ಈ ಅಂಕಿ ಯಾವ ತಿಂಗಳಿನದು? ಹೆಚ್ಚು-ಕಡಿಮೆ ಎಷ್ಟು?’ ಇವೆರಡು ಸಾಕು ಅಧಿಕಾರಿಗಳು ಕಡತ ತೆರೆಯಲು.

ಉತ್ತರದ ಪ್ರತಿ ಸಿಕ್ಕ ಮೇಲೆ ನಿಮ್ಮ ಅಂಕಿ ಅದರಲ್ಲಿ ಹೇಗೆ ಬಂದಿದೆ ಎಂದು ನೋಡಿ. ಮಿತಿ ಬಿಟ್ಟುಹೋಗಿದ್ದರೆ ಅದೇ ವಾರ ಶಾಸಕರಿಗೆ ಪತ್ರ ಬರೆಯಿರಿ. ಸಚಿವರು ಕೊಟ್ಟ ಮಾತಿನಲ್ಲಿ ಆ ಅಂಕಿ ಸೇರಿಕೊಂಡು ಅಂಥ ಮಾತು ಈಡೇರಿತೇ ಎಂದು ನೋಡುವ ಸದನದ ಭರವಸೆಗಳ ಸಮಿತಿಯ ಮುಂದೆ ಹೋಯಿತೆಂದರೆ, ಮುಂದಿನ ವರ್ಷ ನಿಮಗೇ ಫೋನ್ ಮಾಡಿ ‘ಹೋದ ವರ್ಷ ನೀವ ಹೇಳಿದ್ರಲ್ಲ ಸರ್’ ಎನ್ನುತ್ತಾರೆ.