ಟ್ರ್ಯಾಕ್ಟರ್ ಮಾರಿದ ಮೇಲೆ ಶುರುವಾಗುವ ವ್ಯಾಪಾರ

ಸಣ್ಣ ಊರಿನಲ್ಲಿ ಟ್ರ್ಯಾಕ್ಟರ್ ಡೀಲರ್‌ಶಿಪ್ ತೆಗೆದುಕೊಳ್ಳಬೇಕು ಅಂತ ಸಲಹೆ ಕೇಳಲು ಬರುವವರ ಮೊದಲ ಪ್ರಶ್ನೆ ಹೆಚ್ಚೂ ಕಡಿಮೆ ಒಂದೇ: "ತಿಂಗಳಿಗೆ ಎಷ್ಟು ಗಾಡಿ ಹೋಗಬಹುದು?" ನಾನು ತಿರುಗಿ ಕೇಳುವುದು ಬೇರೆ. ನಿಮ್ಮ ಸುತ್ತಮುತ್ತ ಈಗಾಗಲೇ ಎಷ್ಟು ಟ್ರ್ಯಾಕ್ಟರ್ ಓಡುತ್ತಿವೆ? ಅವಕ್ಕೆ ಎಷ್ಟು ವರ್ಷವಾಗಿದೆ? ಕೆಟ್ಟರೆ ಯಾರ ಹತ್ತಿರ ಹೋಗುತ್ತವೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಅಲ್ಲಿ ಅಂಗಡಿ ನಿಲ್ಲುತ್ತದೋ ಇಲ್ಲವೋ ಎಂಬುದು ಅರ್ಧ ತಿಳಿದ ಹಾಗೆ.

ಹೊಸ ಗಾಡಿಯ ಮೇಲೆ ಉಳಿಯುವ ಲಾಭ ತೆಳು. ಬೆಲೆ ಎಲ್ಲರಿಗೂ ಗೊತ್ತಿರುತ್ತದೆ. ಕೊಳ್ಳುವವರು ಎರಡು ಮೂರು ಕಡೆ ವಿಚಾರಿಸಿಯೇ ಬರುತ್ತಾರೆ. ತಿಂಗಳ ಕೊನೆಗೆ ಕಂಪನಿಯ ಟಾರ್ಗೆಟ್ ಬೇರೆ ತಲೆ ಮೇಲಿರುತ್ತದೆ. ಅದರ ಮೇಲೆ ಸ್ಟಾಕಿನ ಬಡ್ಡಿ. ಅಂಗಳದಲ್ಲಿ ಸಾಲಾಗಿ ನಿಂತ ಗಾಡಿಗಳು ನೋಡಲು ಚೆಂದ, ಆದರೆ ಸಾಮಾನ್ಯವಾಗಿ ಅವು ಸಾಲದ ದುಡ್ಡಿನವು. ಮೊದಲ ಕೆಲವು ವಾರ ಬಡ್ಡಿ ಇಲ್ಲದಿರಬಹುದು, ಆಮೇಲೆ ದಿನದಿನಕ್ಕೂ ಓಡುತ್ತದೆ. ವರ್ಷಕ್ಕೆ ಶೇ. 12ರ ಬಡ್ಡಿ ಅಂದುಕೊಳ್ಳಿ. 100 ರೂಪಾಯಿಯ ಗಾಡಿ ಆರು ತಿಂಗಳು ನಿಂತರೆ 6 ರೂಪಾಯಿ ಹೋಯಿತು. ನಿಮ್ಮ ಮಾರ್ಜಿನ್ 5 ಇದ್ದರೆ ಮಾರುವ ಮೊದಲೇ ನಷ್ಟ. ಇನ್ನು ನಿಂತಲ್ಲೇ ಬ್ಯಾಟರಿ ಇಳಿಯುತ್ತದೆ, ಟೈರ್ ಬಿಸಿಲಿಗೆ ಬಿರಿಯುತ್ತದೆ, ವರ್ಷ ತಿರುಗಿದರೆ "ಹೋದ ವರ್ಷದ ಗಾಡಿ" ಅಂತ ಬೆಲೆ ಇಳಿಯುತ್ತದೆ.

ಬಡ್ಡಿ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ 1980ರ ದಶಕಕ್ಕಿಂತ ಕಠೋರ ಉದಾಹರಣೆ ನನಗೆ ಗೊತ್ತಿಲ್ಲ. 1980ರ ಡಿಸೆಂಬರಿನಲ್ಲಿ ಅಲ್ಲಿ ಬ್ಯಾಂಕುಗಳ ಪ್ರೈಮ್ ದರ, ಅಂದರೆ ತೀರ ನಂಬಿಕಸ್ಥ ಗಿರಾಕಿಗಳಿಗೆ ಕೊಡುವ ಸಾಲದ ಬಡ್ಡಿ, ಶೇ. 21.5 ಮುಟ್ಟಿತು. ನಂತರದ ವರ್ಷಗಳಲ್ಲಿ ಬೆಳೆಯ ಬೆಲೆಯೂ ಜಮೀನಿನ ಬೆಲೆಯೂ ಕುಸಿದವು. ಸಾಲದ ಸ್ಟಾಕ್ ತುಂಬಿಕೊಂಡಿದ್ದ ಸಣ್ಣ ಊರಿನ ಡೀಲರುಗಳು ಒಬ್ಬೊಬ್ಬರಾಗಿ ಬಾಗಿಲು ಹಾಕಿದರು. 1902ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನಂಥ ದೊಡ್ಡ ಕಂಪನಿಯ ಕೃಷಿ ವಿಭಾಗವೇ 1985ರಲ್ಲಿ ಕೇಸ್ ಕಂಪನಿಯ ಮಾಲೀಕರಾದ ಟೆನೆಕೊ ಪಾಲಾಯಿತು. ಒಂದೇ ಊರಿನಲ್ಲಿ ಎರಡೂ ಕಂಪನಿಯ ಡೀಲರು ಇದ್ದ ಕಡೆ ಹಲವರು ಏಜೆನ್ಸಿ ಕಳೆದುಕೊಂಡರು.

ಹಾಗಾದರೆ ಅಂಗಡಿ ಉಳಿಯುವುದು ಯಾವುದರಿಂದ? ಸ್ಪೇರ್ ಪಾರ್ಟ್ಸ್ ಮತ್ತು ವರ್ಕ್‌ಶಾಪ್‌ನಿಂದ. ಇದನ್ನು ಬಾಯಿಮಾತಿನಲ್ಲಿ ಎಲ್ಲರೂ ಒಪ್ಪುತ್ತಾರೆ, ಲೆಕ್ಕ ಹಾಕಿ ನೋಡುವವರು ಕಡಿಮೆ. ಲೆಕ್ಕ ಸುಲಭ. ಬಾಡಿಗೆ, ಸಂಬಳ, ಕರೆಂಟು, ವಿಮೆ, ಹೀಗೆ ಒಂದು ಗಾಡಿ ಮಾರದಿದ್ದರೂ ತಿಂಗಳಿಗೆ ಕೊಡಲೇಬೇಕಾದ ಖರ್ಚನ್ನು ಕೂಡಿ. ಪಾರ್ಟ್ಸ್ ಮತ್ತು ಸರ್ವಿಸ್‌ನಿಂದ ಬಂದ ಲಾಭ ಅದರಲ್ಲಿ ಎಷ್ಟು ಪಾಲು ತುಂಬುತ್ತದೆ ನೋಡಿ. ಡೀಲರುಗಳು ಇದಕ್ಕೆ ಅಬ್ಸಾರ್ಪ್ಷನ್ ಅನ್ನುತ್ತಾರೆ. ಖರ್ಚು 100 ಇದ್ದು, ಪಾರ್ಟ್ಸ್‌ನಿಂದ 40, ಸರ್ವಿಸ್‌ನಿಂದ 25 ಬಂದರೆ ನಿಮ್ಮದು 65. ಉಳಿದ 35ನ್ನು ಹೊಸ ಗಾಡಿಗಳೇ ತರಬೇಕು. ಮಳೆ ಕೈಕೊಟ್ಟ ವರ್ಷ ಗಾಡಿ ಹೋಗುವುದಿಲ್ಲ, ಆ 35 ನಿಮ್ಮ ಜೇಬಿನಿಂದ ಹೋಗುತ್ತದೆ. 100 ಮುಟ್ಟಿದ ಡೀಲರು ಕೆಟ್ಟ ವರ್ಷದಲ್ಲೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಒಂದು ಎಚ್ಚರಿಕೆ: ಇಲ್ಲಿ ಹಾಕಬೇಕಾದದ್ದು ಲಾಭ, ಮಾರಾಟದ ಮೊತ್ತವಲ್ಲ. ಮೊತ್ತ ಹಾಕಿಬಿಟ್ಟು "ನಮ್ಮದು 150 ಇದೆ" ಅಂತ ಖುಷಿಪಡುವವರು ಜಾಸ್ತಿ.

ಪಾರ್ಟ್ಸ್ ಕೋಣೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಬೆಲ್ಟ್, ಕ್ಲಚ್ ಪ್ಲೇಟ್, ಇವು ಹೇಗೂ ಹೋಗುತ್ತವೆ, ಯಾರೂ ಮರೆಯುವುದಿಲ್ಲ. ಮರೆಯುವುದು ಸಣ್ಣ ಸಾಮಾನುಗಳನ್ನು. ಒಂದು ಆಯಿಲ್ ಸೀಲ್, ಒಂದು ಓ-ರಿಂಗ್, ರೊಟಾವೇಟರಿನ ಒಂದು ಶಿಯರ್ ಬೋಲ್ಟ್. ಬೆಲೆ ಏನೂ ಅಲ್ಲ, ಆದರೆ ಅದಿಲ್ಲದೆ ಬಿತ್ತನೆಯ ದಿನ ಇಡೀ ಗಾಡಿ ಹೊಲದಲ್ಲಿ ನಿಲ್ಲುತ್ತದೆ. ಆದ್ದರಿಂದ ಯಾವ ಪಾರ್ಟ್ ಇಟ್ಟುಕೊಳ್ಳಬೇಕು ಎಂಬುದನ್ನು ಅದರ ಬೆಲೆಯಿಂದ ಅಳೆಯಬೇಡಿ. ಅದಿಲ್ಲದಿದ್ದರೆ ರೈತರ ಗಾಡಿ ಎಷ್ಟು ದಿನ ನಿಲ್ಲುತ್ತದೆ ಎಂಬುದರಿಂದ ಅಳೆಯಿರಿ.

ಇನ್ನೊಂದು ಅಭ್ಯಾಸವನ್ನು ನಾನು ಎಲ್ಲರಿಗೂ ಒತ್ತಾಯ ಮಾಡಿ ಹೇಳುತ್ತೇನೆ. ಕೌಂಟರಿನಲ್ಲಿ ಒಂದು ಪುಸ್ತಕ ಇಡಿ. ಗಿರಾಕಿ ಕೇಳಿದ್ದಕ್ಕೆ "ಇಲ್ಲ" ಅಂದಾಗಲೆಲ್ಲ ಅದರಲ್ಲಿ ಬರೆಯಿರಿ: ಯಾವ ಪಾರ್ಟ್, ಯಾವ ಮಾಡೆಲ್, ಯಾವ ದಿನ. ಕಂಪ್ಯೂಟರಿಗೆ ಮಾರಿದ್ದು ಮಾತ್ರ ಗೊತ್ತು. ಕೇಳಿ ಬರಿಗೈಲಿ ಹೋದವರ ಲೆಕ್ಕ ಅದರಲ್ಲಿ ಇರುವುದಿಲ್ಲ. ಒಂದು ಹಂಗಾಮು ಮುಗಿಯುವಷ್ಟರಲ್ಲಿ ಮುಂದಿನ ಆರ್ಡರಿನ ಪಟ್ಟಿ ಈ ಪುಸ್ತಕದಲ್ಲೇ ಸಿದ್ಧವಾಗಿರುತ್ತದೆ. ಅದೇ ರೀತಿ ಒಂದು ವರ್ಷ ಕೈಯೇ ಮುಟ್ಟದ ಪಾರ್ಟ್ಸ್ ಯಾವುವು ಎಂದೂ ಹುಡುಕಿ. ಕಂಪನಿ ವಾಪಸ್ ತೆಗೆದುಕೊಳ್ಳುವ ಅವಧಿ ಇದ್ದರೆ ಅದು ಮುಗಿಯುವ ಮೊದಲೇ ಕಳಿಸಿ.

ಪಾರ್ಟ್ಸ್ ಕೊಡುವುದು ಮಾರಾಟದ್ದೇ ಭಾಗ ಎಂಬ ಮಾತು ನೂರು ವರ್ಷ ಹಳೆಯದು. ಅಮೆರಿಕದ ನೆಬ್ರಾಸ್ಕಾದಲ್ಲಿ ವಿಲ್ಮಟ್ ಕ್ರೋಜಿಯರ್ ಎಂಬ ರೈತರೊಬ್ಬರು ಕೊಂಡ ಟ್ರ್ಯಾಕ್ಟರ್ ಹೇಳಿದಷ್ಟು ಕೆಲಸ ಮಾಡಲಿಲ್ಲ. ಅವರು ಮುಂದೆ ಶಾಸಕರಾದರು. 1919ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು. ಅಲ್ಲಿ ಮಾರುವ ಟ್ರ್ಯಾಕ್ಟರನ್ನು ಮೊದಲು ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಬೇಕು, ಜೊತೆಗೆ ಮಾರುವ ಕಂಪನಿ ರಾಜ್ಯದೊಳಗೇ ಸರ್ವಿಸ್ ಮತ್ತು ಬಿಡಿಭಾಗದ ವ್ಯವಸ್ಥೆ ಇಡಬೇಕು. ಪರೀಕ್ಷೆಗಳು 1920ರಲ್ಲಿ ಶುರುವಾದವು. ಎಲ್ಲರಿಗೂ ನೆನಪಿರುವುದು ಆ ಪರೀಕ್ಷೆಗಳು. ನನಗೆ ಎರಡನೆಯ ಷರತ್ತೇ ದೊಡ್ಡದಾಗಿ ಕಾಣುತ್ತದೆ.

ವರ್ಕ್‌ಶಾಪಿನ ಕಷ್ಟ ಬೇರೆ ತರಹದ್ದು. ಹಂಗಾಮಿನಲ್ಲಿ ಮೆಕ್ಯಾನಿಕ್‌ಗೆ ಊಟಕ್ಕೂ ಪುರುಸೊತ್ತಿಲ್ಲ, ಹಂಗಾಮು ಮುಗಿದರೆ ಸುಮ್ನೆ ಕೂರಬೇಕು. ಸಂಬಳ ಎರಡೂ ಕಾಲಕ್ಕೆ ಒಂದೇ. ಕೆಲಸವನ್ನು ಹಂಗಾಮಿಗೆ ಮುಂಚಿನ ತಿಂಗಳುಗಳಿಗೆ ಎಳೆದುಕೊಳ್ಳುವುದೇ ಇಲ್ಲಿನ ಜಾಣತನ, ಅದಕ್ಕೆ ಇಂಜಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಅವರ್ ಮೀಟರ್ ಬೇಕು. ಗಾಡಿ ಯಾವ ಕಾರಣಕ್ಕೇ ಒಳಗೆ ಬರಲಿ, ಮೀಟರ್ ಓದಿ ದಿನಾಂಕದ ಜೊತೆ ಬರೆದಿಡಿ. ಮೊದಲ ಸರ್ವಿಸ್ ಸಾಮಾನ್ಯವಾಗಿ 50 ಗಂಟೆಗೆ ಬರುತ್ತದೆ. ಆಗೊಮ್ಮೆ, ಮುಂದಿನ ಸಲ ಇನ್ನೊಮ್ಮೆ ಬರೆದರೆ ಆ ಗಾಡಿ ತಿಂಗಳಿಗೆ ಎಷ್ಟು ಗಂಟೆ ಓಡುತ್ತದೆ ಎಂದು ಸಿಗುತ್ತದೆ. ಆಯಿಲ್ ಯಾವಾಗ ಬದಲಿಸಬೇಕು, ಕ್ಲಚ್ ಯಾವಾಗ ನೋಡಬೇಕು ಎಂದು ನೀವೇ ಮೊದಲು ಫೋನ್ ಮಾಡಬಹುದು. "ಬಿತ್ತನೆಗೆ ಇನ್ನೂ ಟೈಮಿದೆ, ಈಗಲೇ ತಂದುಬಿಡಿ, ಬೇಗ ಮಾಡಿಕೊಡ್ತೀವಿ" ಅಂದರೆ ಬೇಡ ಅನ್ನುವವರು ಕಡಿಮೆ. ಜಾಹೀರಾತಿಗಿಂತ ಈ ಒಂದು ಫೋನ್ ಜಾಸ್ತಿ ಕೆಲಸ ಮಾಡುತ್ತದೆ.

ವಾರಂಟಿ ಕೆಲಸದಲ್ಲಿ ಹಣ ಸೋರುವುದು ಕಾಗದದಲ್ಲಿ. ಬಿಚ್ಚಿದ ಹಳೆ ಪಾರ್ಟ್‌ಗೆ ಚೀಟಿ ಕಟ್ಟಿ ಇಟ್ಟು, ಕ್ಲೈಮ್ ಸಮಯಕ್ಕೆ ಹಾಕಿದರೆ ಸಾಕು.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಹಳೆ ಗಾಡಿಯ ಎಕ್ಸ್‌ಚೇಂಜ್‌ನಲ್ಲಿ. ಹೊಸದರಲ್ಲಿ ಎಷ್ಟು ಉಳಿಯಿತು ಎಂದು ಹಳೆಯದು ಮಾರಿ ದುಡ್ಡು ಕೈಗೆ ಬರುವ ತನಕ ಹೇಳಲಾಗುವುದಿಲ್ಲ. ಗಾಡಿ ನೋಡಲು ಹೋದಾಗ ಮೊದಲು ಇಂಜಿನ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ, ತಣ್ಣಗಾದ ಮೇಲೆ ಮತ್ತೆ ಬನ್ನಿ. ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದೇ ಅರ್ಧ ಕಥೆ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬ್ರೀದರ್‌ನಿಂದ (ಇಂಜಿನ್ ಒಳಗಿನ ಗಾಳಿ ಹೊರಬಿಡುವ ಕೊಳವೆಯಿಂದ) ಹೊಗೆ ತಳ್ಳುತ್ತಿದ್ದರೆ ರಿಂಗ್, ಲೈನರ್ ಸವೆದಿರಬಹುದು. ಭಾರದ ಉಪಕರಣ ಎತ್ತಿ ಇಂಜಿನ್ ಆಫ್ ಮಾಡಿ ನೋಡಿ. ಬೇಗ ಕೆಳಗಿಳಿದರೆ ಹೈಡ್ರಾಲಿಕ್ ಸೋರುತ್ತಿದೆ. ಆಗ ಯಾರೂ ಅದರ ಕೆಳಗೆ ನಿಲ್ಲಬಾರದು. ಅವರ್ ಮೀಟರ್ ಕೆಟ್ಟಿದ್ದರೆ ಪೆಡಲ್ ರಬ್ಬರ್, ಸ್ಟೀರಿಂಗ್ ಆಟ, ಟ್ರಾಲಿ ಕೊಂಡಿಯ ತೂತು ಎಷ್ಟು ಸವೆದಿವೆ ನೋಡಿ, ಅವು ಸುಳ್ಳು ಹೇಳುವುದಿಲ್ಲ. ಗಾಡಿಯ ಮೇಲೆ ಸಾಲ ಬಾಕಿ ಇದೆಯೇ ಎಂದೂ ಕಾಗದ ನೋಡಿ.

ಬೆಲೆಯನ್ನು ಹಿಂದಿನಿಂದ ಮುಂದಕ್ಕೆ ಕಟ್ಟಬೇಕು. ಎಷ್ಟಕ್ಕೆ ಮಾರಬಹುದು? ಅದರಿಂದ ರಿಪೇರಿ ಖರ್ಚು ಕಳೆಯಿರಿ, ನಿಲ್ಲುವಷ್ಟು ದಿನದ ಬಡ್ಡಿ ಕಳೆಯಿರಿ, ನಿಮ್ಮ ಲಾಭ ಕಳೆಯಿರಿ. ಉಳಿದದ್ದೇ ನೀವು ಕೊಡಬಹುದಾದ ಬೆಲೆ. ಸೇಲ್ಸ್ ಹುಡುಗರಿಗೆ ಹೊಸ ಗಾಡಿ ಹೋಗಬೇಕು, ಅಷ್ಟೇ. ಡಿಸ್ಕೌಂಟ್ ಕೊಡಲು ಅನುಮತಿ ಸಿಗದಿದ್ದರೆ ಹಳೆ ಗಾಡಿಯ ಬೆಲೆ ಏರಿಸುತ್ತಾರೆ. 85ರ ಗಾಡಿಗೆ 100 ಕೊಟ್ಟರೆ ಆ 15 ಹೊಸ ಗಾಡಿಯ ಡಿಸ್ಕೌಂಟೇ ಅಲ್ವಾ? ಹಾಗೆಯೇ ಬರೆಯಿರಿ. ಸ್ಟಾಕ್ ಪುಸ್ತಕಕ್ಕೆ ಹಳೆ ಗಾಡಿ 85ಕ್ಕೇ ಹೋಗಲಿ. ಬೆಲೆಗೆ ಸಹಿ ಹಾಕುವವರು ವರ್ಕ್‌ಶಾಪ್ ಮುಖ್ಯಸ್ಥರಾಗಿರಲಿ.

ಈಚೆಗೆ ಹಲವು ಗಾಡಿಗಳಲ್ಲಿ ಎಲೆಕ್ಟ್ರಾನಿಕ್ಸ್ ಜಾಸ್ತಿಯಾಗಿದೆ. ಕಂಪನಿಯ ಸಾಫ್ಟ್‌ವೇರ್ ಇಲ್ಲದೆ ದೋಷ ಹುಡುಕುವುದೇ ಕಷ್ಟ. ಅಮೆರಿಕದ ಕೊಲೊರಾಡೊ 2023ರಲ್ಲಿ ಕಾನೂನು ಮಾಡಿ, 2024ರ ಜನವರಿಯಿಂದ ಕಂಪನಿಗಳು ರೈತರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಇಂಥ ಸಾಧನ, ಮಾಹಿತಿ ಒದಗಿಸಬೇಕು ಅಂದಿತು. ಕೆಲವು ಡೀಲರುಗಳಿಗೆ ಇದರ ಭಯ. ನನಗಿಲ್ಲ. ಬೇರೆ ದಾರಿ ಇಲ್ಲ ಅಂತ ಬರುವ ಗಿರಾಕಿಯನ್ನು ನಂಬಿ ವರ್ಕ್‌ಶಾಪ್ ಕಟ್ಟಬಾರದು. ಮಾಮೂಲಿ ರಿಪೇರಿ ರೈತರೇ ಮಾಡಿಕೊಳ್ಳಲಿ, ಪಾರ್ಟ್ ನಿಮ್ಮಲ್ಲೇ ಕೊಳ್ಳುತ್ತಾರೆ.

ಕೊನೆಗೆ ಏಜೆನ್ಸಿ ಒಪ್ಪಂದ. ಎಲ್ಲರೂ ಟಾರ್ಗೆಟ್ ಮತ್ತು ಕಮಿಷನ್ ಇರುವ ಪುಟಗಳನ್ನು ಮಾತ್ರ ಓದುತ್ತಾರೆ. ನೀವು ಒಪ್ಪಂದ ಮುಗಿಯುವ ಬಗ್ಗೆ ಇರುವ ಪುಟ ಮೊದಲು ಓದಿ. ಏಜೆನ್ಸಿ ನಿಂತರೆ ಮಾರದೆ ಉಳಿದ ಗಾಡಿ, ಪಾರ್ಟ್ಸ್, ವಿಶೇಷ ಟೂಲ್‌ಗಳನ್ನು ಕಂಪನಿ ವಾಪಸ್ ತೆಗೆದುಕೊಳ್ಳುತ್ತದೆಯೇ? ಯಾವ ಬೆಲೆಗೆ, ಎಷ್ಟು ದಿನದಲ್ಲಿ? ಬಾಕಿ ಇರುವ ವಾರಂಟಿ ಕ್ಲೈಮ್ ಯಾರು ಕೊಡುತ್ತಾರೆ? ಅಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಬರೆಸಿಕೊಂಡೇ ಸಹಿ ಹಾಕಿ.